ಗೈಡ್ಸ್ ಸೇರಿ ನಾಲ್ಕು ವರ್ಷ: ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದ ತಂದೆಯ ವಿಮರ್ಶೆ

ಬಳಸಿದ್ದು: ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್, ಶಾಲೆಯ ಗೈಡ್ ದಳ (ಗಂಡುಮಕ್ಕಳಿಗೆ ಸ್ಕೌಟ್ಸ್ ಇದ್ದಂತೆ ಹೆಣ್ಣುಮಕ್ಕಳಿಗೆ ಇದು). ಅವಧಿ: 2022ರ ಜೂನ್‌ನಿಂದ 2026ರ ಮಾರ್ಚ್‌ವರೆಗೆ, ಏಳರಿಂದ ಹತ್ತನೆಯ ತರಗತಿ. ಬಳಸಿದವಳು ನನ್ನ ಮಗಳು. ಹಣ ಕೊಟ್ಟವನು, ಇಸ್ತ್ರಿ ಹಾಕಿದವನು, ಬೆಳಗಿನ ಐದು ಗಂಟೆಗೆ ಶಿಬಿರದ ಬಸ್ಸು ಹತ್ತಿಸಿದವನು ನಾನು.

ಇದಕ್ಕೂ ಮೊದಲು ದುಡ್ಡು ಕಳೆದುಕೊಂಡ ಕಥೆಯನ್ನು ಹೇಳಿಬಿಡುತ್ತೇನೆ. ಕೊರೊನಾ ಮುಗಿದು ಶಾಲೆ ತೆರೆದಾಗ ನಮ್ಮ ಹುಡುಗಿ ಬೇರೆಯೇ ಆಗಿದ್ದಳು. ಕೇಳಿದ್ದಕ್ಕೆ ಹೂಂ, ಉಹೂಂ. ಪರೀಕ್ಷೆಯ ದಿನ ಬೆಳಿಗ್ಗೆ ಹೊಟ್ಟೆನೋವು. ಸಂಜೆಯಾದರೆ ಮೊಬೈಲ್ ಹಿಡಿದು ಗೋಡೆಗೆ ಮುಖ ಮಾಡಿ ಮಲಗುವುದು. ಓದಿನಲ್ಲಿ ನಡುಮಟ್ಟ, ಹಾಡುವುದಿಲ್ಲ, ಕುಣಿಯುವುದಿಲ್ಲ, ಆಟದಲ್ಲೂ ಹಿಂದೆ. ಮದುವೆ ಮನೆಗಳಲ್ಲಿ ನೆಂಟರು ‘ಇವಳಿಗೆ ಏನಿಷ್ಟ?’ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿರಲಿಲ್ಲ. ಆಗ ಪರಿಚಯದವರೊಬ್ಬರು ಬೆರಳಚ್ಚು ನೋಡಿ ಮಗುವಿನ ಪ್ರತಿಭೆ ಹೇಳುವ ಪರೀಕ್ಷೆಯ ಬಗ್ಗೆ ಹೇಳಿದರು. ಹತ್ತು ಬೆರಳುಗಳನ್ನು ಯಂತ್ರಕ್ಕೆ ಒತ್ತಿಸಿ, 6,500 ರೂಪಾಯಿ ತೆಗೆದುಕೊಂಡು, ಬಣ್ಣಬಣ್ಣದ ನಕ್ಷೆಗಳ ದಪ್ಪ ವರದಿಯನ್ನು ಕೈಗಿಟ್ಟರು. ನಾಯಕತ್ವ ಕಡಿಮೆ, ಸಂಗೀತದ ಒಲವು ಹೆಚ್ಚು ಎಂದಿತ್ತು ಅದರಲ್ಲಿ. ನಾನು ಒಂದು ಕೀಬೋರ್ಡ್ ತಂದೆ. ಅದು ಈಗಲೂ ಬೀರುವಿನ ಮೇಲಿದೆ, ಪೆಟ್ಟಿಗೆಯ ಸಮೇತ.

ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುವ ನನ್ನ ತಂಗಿ ಆ ವರದಿ ನೋಡಿ ನಕ್ಕಳು, ಆಮೇಲೆ ಬೈದಳು. ಬೆರಳಿನ ಗೆರೆಗಳು ಮಗು ಗರ್ಭದಲ್ಲಿರುವಾಗಲೇ ಮೂಡಿ ಮುಗಿಯುತ್ತವೆ, ಅವುಗಳಿಂದ ಬುದ್ಧಿಯನ್ನು ಅಳೆಯುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಮನೋವೈದ್ಯರ ಸಂಘವಾದ ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿಯೇ ಹೇಳಿದೆ ಎಂದಳು. ಇಂಥ ವರದಿಗಳಲ್ಲಿ ಬಹುಮುಖ ಬುದ್ಧಿವಂತಿಕೆ ಎಂಬ ಮಾತು ಬರುತ್ತದಲ್ಲ, ಅದನ್ನು 1983ರಲ್ಲಿ ಮುಂದಿಟ್ಟ ಅಮೆರಿಕದ ಮನಃಶಾಸ್ತ್ರಜ್ಞ ಹೋವರ್ಡ್ ಗಾರ್ಡ್ನರ್ ಅವರೂ ಈ ಬೆರಳಚ್ಚಿನ ವ್ಯಾಪಾರವನ್ನು ಒಪ್ಪಿಲ್ಲವಂತೆ. ಪರೀಕ್ಷೆಯೇ ಬೇಕಿದ್ದರೆ ಸಿಬಿಎಸ್‌ಇ ಮತ್ತು ಎನ್‌ಸಿಇಆರ್‌ಟಿ ಸೇರಿ ಒಂಬತ್ತು, ಹತ್ತನೆಯ ತರಗತಿಯವರಿಗೆ ರೂಪಿಸಿದ ‘ತಮನ್ನಾ’ ಇದೆ. ಭಾಷೆ, ಲೆಕ್ಕ, ಯಂತ್ರಗಳ ತಿಳಿವಳಿಕೆ ಹೀಗೆ ಏಳು ಬಗೆಯ ಸಾಮರ್ಥ್ಯ ನೋಡುತ್ತದೆ, ಪಾಸು-ಫೇಲು ಇಲ್ಲ. ನನ್ನ ಅಣ್ಣನ ಮಗ ಬರೆದ, ಕೆಟ್ಟದ್ದೇನಲ್ಲ. ಆದರೆ ನಮ್ಮವಳ ಕಷ್ಟ ಪ್ರಶ್ನೆಪತ್ರಿಕೆಯಿಂದ ತೀರುವಂಥದ್ದಾಗಿರಲಿಲ್ಲ. ತಂಗಿ ಹೇಳಿದ ಇನ್ನೊಂದು ಮಾತು ಮನಸ್ಸಿನಲ್ಲಿ ನಿಂತಿತು. ಸ್ಟ್ಯಾನ್‌ಫರ್ಡ್‌ನ ವಿಲಿಯಂ ಡೇಮನ್ ಎಂಬ ಮನಃಶಾಸ್ತ್ರಜ್ಞರು ಹದಿಹರೆಯದವರ ಬದುಕಿನ ಗುರಿಯ ಬಗ್ಗೆ ಬಹಳ ವರ್ಷ ಕೆಲಸ ಮಾಡಿದ್ದಾರೆ. ಅವರ ಪ್ರಕಾರ ಗುರಿ ಎನ್ನುವುದು ತನಗೆ ಅರ್ಥಪೂರ್ಣ ಅನ್ನಿಸಿದರೆ ಸಾಲದು, ತನ್ನಾಚೆಗಿನ ಲೋಕಕ್ಕೂ ಅದರಿಂದ ಏನಾದರೂ ಆಗಬೇಕು. ಕೋಣೆಯಲ್ಲಿ ಮಲಗಿದವಳಿಗೆ ಆ ಆಚೆಗಿನ ಲೋಕ ಸಿಗುವುದೆಲ್ಲಿ?

ಸಿಕ್ಕಿದ್ದು ಶಾಲೆಯ ಸೂಚನಾ ಫಲಕದಲ್ಲಿ. ಗೈಡ್ಸ್‌ಗೆ ಹೆಸರು ಕೊಡುವವರು ಕೊಡಿ ಎಂದಿತ್ತು. ಗೆಳತಿ ಕೊಟ್ಟಳು, ಇವಳೂ ಕೊಟ್ಟಳು. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ. ಸ್ಕೌಟಿಂಗ್ ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. ಭಾರತದಲ್ಲಿ ಅದು ಶುರುವಾದದ್ದೇ 1909ರಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ. ಹೆಣ್ಣುಮಕ್ಕಳ ಗೈಡ್ಸ್ ಎರಡು ವರ್ಷದ ನಂತರ ಜಬಲ್ಪುರದಲ್ಲಿ ಆರಂಭವಾಯಿತು. ಬೇರೆಬೇರೆಯಾಗಿದ್ದ ಸ್ಕೌಟ್ ಸಂಘಗಳು ಕೂಡಿ ಈಗಿನ ಸಂಸ್ಥೆ ಹುಟ್ಟಿದ್ದು 1950ರ ನವೆಂಬರ್ 7ರಂದು, ಗೈಡ್ಸ್ ಸಂಘ ಅದಕ್ಕೆ ಸೇರಿದ್ದು ಮರುವರ್ಷ.

ಮೊದಲ ವರ್ಷ ಏನೂ ಅನ್ನಿಸಲಿಲ್ಲ, ನಿಜ ಹೇಳಬೇಕೆಂದರೆ. ವಾರಕ್ಕೊಂದು ದಿನ ಸಂಜೆ ಒಂದು ಗಂಟೆ. ಎಡಗೈ ಕುಲುಕುವುದು, ಚಪ್ಪಾಳೆಗಳು, ಹಾಡು. ಆರರಿಂದ ಎಂಟು ಮಕ್ಕಳ ಗುಂಪಿಗೆ ಪೆಟ್ರೋಲ್ ಎನ್ನುತ್ತಾರೆ. ಗೈಡ್ಸ್‌ನಲ್ಲಿ ಅದಕ್ಕೆ ಹೂವಿನ ಹೆಸರು. ‘ನಾನು ಸಂಪಿಗೆ ಪೆಟ್ರೋಲ್’ ಎಂದು ಇವಳು ನನ್ನ ಅಂಗಡಿಯಲ್ಲಿ ಹೇಳಿದಾಗ ನಮ್ಮ ಕೆಲಸದ ಹುಡುಗ ಯಾವುದೋ ಹೊಸ ಬಂಕ್ ಎಂದುಕೊಂಡ. ಆ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ, ಅಂದರೆ ಸ್ಕೌಟ್ಸ್-ಗೈಡ್ಸ್ ಮಕ್ಕಳ ದೊಡ್ಡ ಮೇಳ, ನಡೆಯಿತು. ಆಗಷ್ಟೇ ಮೊದಲ ಹಂತವಾದ ‘ಪ್ರವೇಶ’ ಮುಗಿಸಿದವಳಿಗೆ ಅಲ್ಲಿಗೆ ಹೋಗುವ ಅವಕಾಶ ಸಿಗಲಿಲ್ಲ. ಎರಡು ದಿನ ಅತ್ತಳು. ಅವಳು ಅತ್ತಿದ್ದಕ್ಕೆ ನಮಗೆ ಒಳಗೊಳಗೇ ಸಮಾಧಾನ. ಏನಾದರೊಂದು ಬೇಕು ಎಂದು ಅವಳು ಹಟ ಹಿಡಿದು ಎರಡು ವರ್ಷವಾಗಿತ್ತು.

ದಾವಣಗೆರೆಯಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಮೊಳೆ, ಪೈಪು, ಹಗ್ಗ, ನಲ್ಲಿ. ಒಂದು ಭಾನುವಾರ ಪಿವಿಸಿ ಪೈಪಿನ ಕಟ್ಟೊಂದನ್ನು ಗಿರಾಕಿಯ ಗಾಡಿಗೆ ಬಿಗಿಯುತ್ತಿದ್ದೆ. ಹಗ್ಗ ಸಾಲದೆ, ದಪ್ಪ ನೈಲಾನ್ ಹಗ್ಗದ ತುದಿಗೆ ಸಣ್ಣದೊಂದನ್ನು ಸೇರಿಸಿ, ಇಪ್ಪತ್ತು ವರ್ಷದಿಂದ ಹಾಕುವ ಗಂಟನ್ನೇ ಹಾಕಿದೆ. ಪಕ್ಕದಲ್ಲಿ ನಿಂತವಳು ‘ಅಪ್ಪಾಜಿ, ಇದು ಜಾರುತ್ತದೆ’ ಎಂದಳು. ‘ಒಂದೇ ದಪ್ಪದ ಹಗ್ಗಕ್ಕಾದರೆ ರೀಫ್ ನಾಟ್ ಸರಿ. ಇದಕ್ಕೆ ಶೀಟ್ ಬೆಂಡ್ ಬೇಕು.’ ನನ್ನ ಕೈಯಿಂದ ಹಗ್ಗ ತೆಗೆದುಕೊಂಡು, ದಪ್ಪದ್ದನ್ನು ಮಡಚಿ ಹಿಡಿದು, ಸಣ್ಣದನ್ನು ಕೆಳಗಿನಿಂದ ತೂರಿಸಿ, ಸುತ್ತಿ, ಅದರದೇ ಅಡಿಯಲ್ಲಿ ಸಿಕ್ಕಿಸಿ ಎಳೆದಳು. ಗಿರಾಕಿ ಜಗ್ಗಿ ನೋಡಿದ, ನಾನೂ ಜಗ್ಗಿ ನೋಡಿದೆ. ಅಷ್ಟು ಹೊತ್ತೂ ಅವಳು ನಮ್ಮಿಬ್ಬರ ಮುಖ ನೋಡಲೇ ಇಲ್ಲ, ಗಂಟನ್ನೇ ನೋಡುತ್ತಿದ್ದಳು. ಹಗ್ಗ ಮಾರುವವನಿಗೆ ಮಗಳು ಗಂಟು ಹಾಕುವುದನ್ನು ಕಲಿಸಿದ ಸುದ್ದಿ ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಯಿತು.

ಈ ವ್ಯವಸ್ಥೆಯ ಜಾಣ್ಮೆ ಇರುವುದು ಅದರ ಮೆಟ್ಟಿಲುಗಳಲ್ಲಿ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ, ತೃತೀಯ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪ್ರಶಸ್ತಿ. ದಾರಿಯುದ್ದಕ್ಕೂ ಅಡುಗೆ, ಸೈಕಲ್, ತೋಟಗಾರಿಕೆ, ಪ್ರಥಮ ಚಿಕಿತ್ಸೆ, ತಾನಿರುವ ಊರಿನ ದಾರಿಗಳ ಪರಿಚಯ ಎಂದು ಸಣ್ಣ ಸಣ್ಣ ಬ್ಯಾಜುಗಳು. ಪ್ರತಿಭೆ ಏನಿದೆ ಎಂದು ಯಾರೂ ಮೊದಲೇ ಕೇಳುವುದಿಲ್ಲ. ಮಾಡಿ ನೋಡು ಎನ್ನುತ್ತಾರೆ. ಒಂದು ಕೆಲಸ ಒಗ್ಗದಿದ್ದರೆ ನಷ್ಟವೇನು? ಒಂದಿಷ್ಟು ಭಾನುವಾರಗಳು ಮತ್ತು ಸ್ವಲ್ಪ ಸೀಮೆಣ್ಣೆ ವಾಸನೆ. ಅಡುಗೆ ಇವಳಿಗೆ ಒಗ್ಗಲಿಲ್ಲ, ಉಪ್ಪಿಟ್ಟು ಗಂಟುಗಂಟಾಯಿತು. ಪ್ರಥಮ ಚಿಕಿತ್ಸೆಯಲ್ಲಿ ತ್ರಿಕೋನದ ಬಟ್ಟೆಯಿಂದ ನನ್ನ ತೋಳು, ಮೊಣಕಾಲು, ಒಮ್ಮೆ ತಲೆಯನ್ನೂ ಕಟ್ಟಿದಳು. ಅದರಲ್ಲಿ ಪರವಾಗಿಲ್ಲ ಅನ್ನುವ ಮಟ್ಟ.

ಅವಳಿಗೆ ಏನು ಒಗ್ಗಿತು ಎನ್ನುವುದು ನನಗೆ ಕಂಡಿದ್ದು ಒಂಬತ್ತನೆಯ ತರಗತಿಯಲ್ಲಿ, ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ. ಕೆರೆ, ಗುಡ್ಡ, ಕಾಡು ಇರುವ ಜಾಗ, ಅಲ್ಲಿ ಸ್ಕೌಟ್ಸ್ ಶಿಬಿರ ಕೇಂದ್ರವಿದೆ. ಕೊನೆಯ ಸಂಜೆ ಶಿಬಿರಾಗ್ನಿ ನೋಡಲು ತಂದೆ-ತಾಯಿಯರನ್ನು ಕರೆದಿದ್ದರು. ಎಲ್ಲರ ಮಕ್ಕಳೂ ಬೆಂಕಿಯ ಸುತ್ತ ಕುಣಿಯುತ್ತಿದ್ದರು, ನನ್ನವಳು ಕಾಣಲಿಲ್ಲ. ದಳ ನಡೆಸುವ ಶಿಕ್ಷಕಿ, ಕ್ಯಾಪ್ಟನ್ ಮೇಡಂ, ಉಗ್ರಾಣದ ಕಡೆ ಕೈ ತೋರಿಸಿದರು. ಅಲ್ಲಿ ಅಕ್ಕಿ ಚೀಲ, ಬೇಳೆ ಡಬ್ಬ, ಸೌದೆ, ಸಲಿಕೆಗಳ ನಡುವೆ ಇವಳು ಒಂದು ನೋಟ್‌ಬುಕ್ ಹಿಡಿದು ಕುಳಿತಿದ್ದಳು. ಎದುರಿಗೆ ಬೇರೆ ಶಾಲೆಯ, ಇವಳಿಗಿಂತ ಎರಡು ಗೇಣು ಎತ್ತರದ ಪೆಟ್ರೋಲ್ ಲೀಡರ್ ಬೆಂಕಿಪೊಟ್ಟಣ ಕೇಳುತ್ತಿದ್ದಳು, ಸ್ವಲ್ಪ ಜೋರಿನಲ್ಲಿ. ಇವಳು ದನಿ ಏರಿಸಲಿಲ್ಲ. ಪುಟ ತಿರುವಿ, ಬೆರಳಿಟ್ಟು, ‘ನಿಮಗೆ ಬೆಳಿಗ್ಗೆ ಎರಡು ಕೊಟ್ಟಿದೆ ಅಕ್ಕ, ಇಲ್ಲಿ ನಿಮ್ಮದೇ ಸಹಿ. ಒಂದನ್ನು ನೀವು ಮಲ್ಲಿಗೆ ಪೆಟ್ರೋಲಿಗೆ ಕೊಟ್ಟಿದ್ದೀರಿ, ಅವರ ಹತ್ತಿರ ಅರ್ಧ ಉಳಿದಿದೆ’ ಎಂದಳು. ಆ ಹುಡುಗಿ ಸುಮ್ಮನೆ ಮಲ್ಲಿಗೆಯವರ ಕಡೆ ಹೋದಳು.

ನಾನು ಕತ್ತಲಲ್ಲೇ ನಿಂತಿದ್ದೆ. ಖುಷಿಗಿಂತ ಹೆಚ್ಚಾಗಿ ಒಂಥರಾ ಇರುಸುಮುರುಸು. ಮೂವತ್ತು ವರ್ಷದಿಂದ ನಾನು ಮಾಡುತ್ತಿರುವುದೂ ಇದೇ ತಾನೆ? ಯಾವ ಡಬ್ಬದಲ್ಲಿ ಎಷ್ಟು ಮೊಳೆ, ಯಾರಿಗೆ ಎಷ್ಟು ಉದ್ರಿ. ಇವಳು ಅಂಗಡಿಗೆ ಬರಬಾರದು, ಬೇರೆ ಏನಾದರೂ ಆಗಬೇಕೆಂದೇ ಬೆರಳಚ್ಚಿಗೆ ದುಡ್ಡು ಸುರಿದಿದ್ದೆ. ಬೆರಳು ಒತ್ತಿಸಿಕೊಂಡವರ ಪಟ್ಟಿಯಲ್ಲಿ ಸಂಗೀತವಿತ್ತು, ನಾಯಕತ್ವವಿತ್ತು, ಉಗ್ರಾಣ ಇರಲಿಲ್ಲ. ಯಾವ ವಾರ್ಷಿಕೋತ್ಸವದಲ್ಲೂ ಅದಕ್ಕೆ ಬಹುಮಾನ ಕೊಡುವುದಿಲ್ಲ.

ಇನ್ನು ದೂರುಗಳು. ಇವೆಲ್ಲ ನಮ್ಮ ಶಾಲೆಯ ದಳದವು, ನಮ್ಮವೂ ಹೌದು. ಎಲ್ಲವೂ ನಿಂತಿರುವುದು ಒಬ್ಬ ಶಿಕ್ಷಕಿಯ ಮೇಲೆ. ಮಗಳು ಎಂಟನೆಯ ತರಗತಿಯಲ್ಲಿದ್ದಾಗ ಆಗಿನ ಕ್ಯಾಪ್ಟನ್ ಮೇಡಂ ಬಿಟ್ಟು ಹೋದರು, ಐದು ತಿಂಗಳು ದಳವೇ ಸೇರಲಿಲ್ಲ. ಮಗಳು ಮತ್ತೆ ಗೋಡೆಗೆ ಮುಖ ಮಾಡಿದಳು. ಒಂದು ವಾರ ಸರಿಯಾಗಿ ಊಟವನ್ನೂ ಮಾಡದಿದ್ದಾಗ ಹೆದರಿ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ, ಕರೆ ಮಾಡಿದೆವು. ಕನ್ನಡದಲ್ಲೇ, ಅವಸರವಿಲ್ಲದೆ ಮಾತನಾಡಿದರು, ಮೊದಲು ನಮ್ಮ ಜೊತೆ, ಆಮೇಲೆ ಅವಳ ಜೊತೆ. ಇದನ್ನು ಬರೆಯುತ್ತಿರುವುದೇಕೆಂದರೆ, ಗೈಡ್ಸ್ ಚಿಕಿತ್ಸೆಯಲ್ಲ. ಮಗು ನಿಜವಾಗಿ ಕುಗ್ಗಿದ್ದರೆ ಸ್ಕಾರ್ಫ್ ಕಟ್ಟಿ ಕಳಿಸಿ ಕೂರಬೇಡಿ.

ಎರಡನೆಯದು ಲಾಗ್ ಬುಕ್. ಮಾಡಿದ ಸೇವೆ, ಹೋದ ಹೊರಸಂಚಾರ ಎಲ್ಲವನ್ನೂ ಮಗುವೇ ಬರೆದಿಡಬೇಕು. ಶಿಬಿರದ ಹಿಂದಿನ ರಾತ್ರಿ ತಾಯಂದಿರು ಕೂತು ಬರೆಯುವುದನ್ನು, ಸ್ಟೇಷನರಿ ಅಂಗಡಿಯ ಚಿತ್ರ ತಂದು ಅಂಟಿಸುವುದನ್ನು ಕಂಡಿದ್ದೇನೆ. ಒಮ್ಮೆ ನಾನೂ ಅಂಟಿಸಿದ್ದೇನೆ. ರೈಲ್ವೆ ನೇಮಕಾತಿಯಲ್ಲಿ, ಸಿಇಟಿ ಸೀಟುಗಳಲ್ಲಿ ಸ್ಕೌಟ್ಸ್-ಗೈಡ್ಸ್‌ಗೆ ಕೋಟಾ ಇದೆ. ಅದು ತಪ್ಪಲ್ಲ, ಆದರೆ ಕೆಲವು ಪೋಷಕರ ಕಣ್ಣು ಮೊದಲ ದಿನದಿಂದಲೂ ಆ ಪ್ರಮಾಣಪತ್ರದ ಮೇಲೇ. ಅಂಥ ಮನೆಯ ಮಕ್ಕಳಿಗೆ ಇದೂ ಒಂದು ಟ್ಯೂಷನ್. ಇನ್ನೊಂದು ಸಿಟ್ಟು: ಗಣ್ಯರ ಕಾರ್ಯಕ್ರಮ ಬಂದರೆ ಸಮವಸ್ತ್ರದ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಚಟ. ಒಂದು ಸಮಾರಂಭದಲ್ಲಿ ಎರಡು ಗಂಟೆ ಬಿಸಿಲಲ್ಲಿ ನಿಂತು ಇಬ್ಬರು ಹುಡುಗಿಯರು ಕುಸಿದರು. ಅವರನ್ನು ನೆರಳಿಗೆ ಒಯ್ದವರೂ ಅದೇ ಸಾಲಿನ ಹುಡುಗಿಯರೇ, ಗಣ್ಯರ ಕಾರು ಇನ್ನೂ ಬಂದಿರಲಿಲ್ಲ.

ಖರ್ಚು ಹೆಚ್ಚಲ್ಲ. ಸಮವಸ್ತ್ರ, ಬೂಟು, ಸ್ಕಾರ್ಫ್ ಸೇರಿ ಮೊದಲ ಸಲ 1,400 ರೂಪಾಯಿ. ಬೆಳೆಯುವ ಮಕ್ಕಳಾದ್ದರಿಂದ ಎರಡು ವರ್ಷಕ್ಕೆ ಮತ್ತೊಮ್ಮೆ. ಶಿಬಿರಗಳಿಗೆ ಬೇರೆ. ನಾಲ್ಕು ವರ್ಷದ್ದೆಲ್ಲ ಕೂಡಿಸಿದರೂ ಆ ಬೆರಳಚ್ಚು ಮತ್ತು ಕೀಬೋರ್ಡಿನ ಲೆಕ್ಕಕ್ಕಿಂತ ಕಡಿಮೆಯೇ.

ಐದಕ್ಕೆ ನಾಲ್ಕು ಕೊಡುತ್ತೇನೆ. ಸೇರಿಸುವ ಮುನ್ನ ದಳದ ಕ್ಯಾಪ್ಟನ್ ಯಾರು, ವಾರದ ಸಭೆ ನಿಜವಾಗಿಯೂ ನಡೆಯುತ್ತದೆಯೇ ಎಂದು ಹೋಗಿ ನೋಡಿ. ನಮ್ಮವಳು ಮೊದಲಿನಂತೆಯೇ ಮಾತು ಕಡಿಮೆ. ಪೆಟ್ರೋಲ್ ಲೀಡರ್ ಆಗಲಿಲ್ಲ, ಕೇಳಿದಾಗ ಬೇಡ ಎಂದಳು. ಪರೀಕ್ಷೆಯ ಬೆಳಗಿನ ಹೊಟ್ಟೆನೋವು ಮಾತ್ರ ಯಾವಾಗ ನಿಂತಿತೋ ನಮಗೇ ತಿಳಿಯಲಿಲ್ಲ.

ಒಂಬತ್ತನೆಯ ತರಗತಿಯ ಮಳೆಗಾಲದಲ್ಲಿ ತುಂಗಭದ್ರೆ ಏರಿ ಹರಿಹರದ ಗಂಗಾನಗರದ ಮನೆಗಳಿಗೆ ನೀರು ನುಗ್ಗಿತ್ತು. ಕಾಳಜಿ ಕೇಂದ್ರಕ್ಕೆ ದಳದಿಂದ ಹಳೆಯ ಬಟ್ಟೆ, ಹೊದಿಕೆ ಕೂಡಿಸಿ ಕೊಟ್ಟು ಬಂದಿದ್ದರು. ಮೊನ್ನೆ ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಪಿಯುಸಿಗೆ ಏನು ತೆಗೆದುಕೊಳ್ಳುತ್ತೀಯ ಎಂದು ಕೇಳಿದೆ. ಅದಕ್ಕೆ ಉತ್ತರ ಕೊಡದೆ ನನ್ನನ್ನೇ ಕೇಳಿದಳು: ‘ಅಪ್ಪಾಜಿ, ಆ ದಿನ ಹೊದಿಕೆಗಳೆಲ್ಲ ಒಂದು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಬಾಗಿಲ ಹತ್ತಿರ ಇದ್ದವರಿಗೆ ಮೂರು ಮೂರು ಸಿಕ್ಕವು, ಒಳಗಿದ್ದ ಅಜ್ಜಿಗೆ ಒಂದೂ ಇಲ್ಲ. ಅಂಥ ಕಡೆ ಎಣಿಸಿ ಕೊಡುವುದಕ್ಕೆಂದೇ ಯಾರಾದರೂ ಇರುತ್ತಾರಾ? ಅದಕ್ಕೆ ಏನು ಓದಬೇಕು?’

ನನಗೆ ಗೊತ್ತಿರಲಿಲ್ಲ. ತಂಗಿಗೆ ಫೋನ್ ಮಾಡಿದ್ದೇನೆ, ಕೇಳಿ ಹೇಳುತ್ತೇನೆ ಎಂದಿದ್ದಾಳೆ. ಅಷ್ಟರವರೆಗೆ ರಜೆಯಲ್ಲಿ ಅಂಗಡಿಗೆ ಬರುತ್ತಿದ್ದಾಳೆ. ನಟ್ಟು-ಬೋಲ್ಟಿನ ಡಬ್ಬಗಳನ್ನೆಲ್ಲ ಅಳತೆಯ ಪ್ರಕಾರ ಮತ್ತೆ ಜೋಡಿಸಿದ್ದಾಳೆ. ಈಗ ಕಾಲಿಂಚಿನ ಬೋಲ್ಟ್ ಎಲ್ಲಿದೆ ಎಂದು ನಾನೂ ನಮ್ಮ ಹುಡುಗನೂ ಅವಳನ್ನೇ ಕೇಳಬೇಕು.