ವಾರ್ಡ್ ಚೆನ್ನಾಗಿದೆ, ಬರೆಯೋದು ಸರಿ ಇಲ್ಲ - ಮೂರು ಸ್ಟಾರ್

ತುಮಕೂರಲ್ಲಿರೋ ಒಂದು ಪ್ರೈವೇಟ್ ಮಕ್ಕಳ ಆಸ್ಪತ್ರೆ, ಹೆಸರು ಹಾಕಲ್ಲ. ಅಕ್ಕನ ಮಗೂಗೆ ಜ್ವರ ಇಳೀಲೇ ಇಲ್ಲ ಅಂತ ಗುಬ್ಬಿಯಿಂದ ಕರ್ಕೊಂಡ್ ಬಂದು ಅಡ್ಮಿಟ್ ಮಾಡಿದ್ವಿ. ವಾರ್ಡ್ ಕ್ಲೀನು, ಬೆಡ್‌ಶೀಟ್ ದಿನಾ ಬದಲಾಯಿಸ್ತಾರೆ, ಡಾಕ್ಟ್ರೂ ಒಳ್ಳೇವ್ರೇ, ಎರಡೆರಡು ಸಲ ಕೇಳಿದ್ರೂ ಸಿಡುಕಲ್ಲ. ಆದ್ರೆ ಔಷಧಿ ಬರೆಯೋ ರೀತಿ ಇದ್ಯಲ್ಲ, ಅದೇ ಪ್ರಾಬ್ಲಂ.

ಮಗು 8 ಕೆಜಿ. ಪ್ಯಾರಾಸಿಟಮಾಲ್ ಒಂದ್ ಡೋಸ್‌ಗೆ ಕೆಜಿಗೆ 15 ಎಂಜಿ ಲೆಕ್ಕ, ಅಲ್ಲಿಗೆ 120 ಎಂಜಿ. ಕೇಸ್ ಶೀಟಲ್ಲಿ ಬರೆದಿದ್ದು ಬರೀ 'ಸಿರಪ್ 5 ಎಂಎಲ್', ಎಷ್ಟು ಪವರ್ದು ಅಂತಾನೇ ಇಲ್ಲ. ಈ ಸಿರಪ್ಪು 5 ಎಂಎಲ್‌ಗೆ 120 ಎಂಜಿದೂ ಬರತ್ತೆ 250 ಎಂಜಿದೂ ಬರತ್ತೆ, ಕೆಳಗಡೆ ಮೆಡಿಕಲ್‌ನವ್ರು 250ರ ಬಾಟ್ಲಿ ಕೊಟ್ಟು ಕಳಿಸಿದ್ರು, ಹಾಕಿದ್ರೆ ಡಬಲ್‌ಗಿಂತ ಜಾಸ್ತಿ, ಅದೂ ದಿನಕ್ಕೆ ನಾಲ್ಕು ಸಲ! ನೈಟ್ ಡ್ಯೂಟಿ ಸಿಸ್ಟರ್ ಮುಚ್ಚಳ ತೆಗೆಯೋಕೆ ಮುಂಚೆ ಲೇಬಲ್ ತಿರುಗಿಸಿ ನೋಡಿ, 'ಅಣ್ಣಾ ಸ್ವಲ್ಪ ಇರಿ, ಡಾಕ್ಟ್ರನ್ನ ಒಂದ್ಸಲ ಕೇಳ್ಬಿಡ್ತೀನಿ' ಅಂದ್ರು. ಫೋನ್ ಮಾಡಿ ಕೇಳಿದ್ಮೇಲೆ ಬಾಟ್ಲಿ ಚೇಂಜ್ ಮಾಡ್ಸಿದ್ರು. ಬೆಳಿಗ್ಗೆ ರೌಂಡ್ಸ್‌ಗೆ ಬಂದಾಗ ಕೇಳಿದ್ರೆ ಡಾಕ್ಟ್ರು 'ನಾನು 120ದೇ ಅಂದ್ಕೊಂಡು ಬರೆದಿದ್ದು' ಅಂದ್ರು. ಸರಿ ಸ್ವಾಮಿ, ನೀವ್ ಅಂದ್ಕೊಂಡಿದ್ದು ಕೆಳಗಿರೋ ಮೆಡಿಕಲ್‌ನೋರಿಗೆ ಹೆಂಗ್ ಗೊತ್ತಾಗ್ಬೇಕು?

ದೊಡ್ಡೋರಿಗಾದ್ರೆ ಒಂದ್ ಮಾತ್ರೆ ಬರೆದ್ರೆ ಮುಗೀತು, ಮಕ್ಕಳಿಗೆ ಸುಮಾರು ಔಷಧಿಗೆ ತೂಕ ಹಿಡಿದು ಗುಣಿಸ್ಬೇಕು, .5 ಅಂತ ಬರೆದು ಚುಕ್ಕಿ ಕಾಣಿಸ್ಲಿಲ್ಲ ಅಂದ್ರೆ 5 ಆಗೋಯ್ತು, ಹತ್ತು ಪಟ್ಟು, ಅದಕ್ಕೇ ಮುಂದೆ ಸೊನ್ನೆ ಹಾಕಿ 0.5 ಅಂತ ಬರೀಬೇಕು ಅನ್ನೋದು. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ ಬಿಡಿ. ಅಮೆರಿಕದ ಎರಡು ದೊಡ್ಡ ಆಸ್ಪತ್ರೆಗಳಲ್ಲಿ ಅಡ್ಮಿಟ್ ಆಗಿದ್ದ ಮಕ್ಕಳ 10,778 ಔಷಧಿ ಆರ್ಡರ್ ತೆಗೆದು ನೋಡಿದ ಸ್ಟಡಿ 2001ರಲ್ಲಿ ಬಂದಿದೆ, ಅದ್ರಲ್ಲಿ ತಪ್ಪು ಸಿಕ್ಕಿದ್ದು 616. ಮಗೂಗೆ ತೊಂದ್ರೆ ಆಗಬಹುದಾಗಿದ್ದ ತಪ್ಪುಗಳಲ್ಲಿ ಮುಕ್ಕಾಲಿಗಿಂತ ಜಾಸ್ತಿ ಡಾಕ್ಟ್ರು ಬರೆಯೋ ಹಂತದಲ್ಲೇ ಆಗಿರೋದು. ಬೈಸ್ಕೊಳ್ಳೋದು ಮಾತ್ರ ಸಿಸ್ಟರ್‌ಗಳು.

ಇಲ್ಲಿಗೆ ಹೋಗೋರಿಗೆ ಒಂದ್ ಮಾತು, ಅಡ್ಮಿಷನ್ ಟೈಮಲ್ಲಿ ಮಗೂನ ಅಲ್ಲೇ ತೂಕ ಮಾಡ್ಸಿ, 'ಎಷ್ಟಮ್ಮಾ ಕೆಜಿ' ಅಂತ ತಾಯಿನ ಕೇಳಿ ಬರ್ಕೊಂಡ್ರೆ ಒಪ್ಪಬೇಡಿ, ಶೀಟಲ್ಲಿ ಎಂಎಲ್ ಪಕ್ಕ ಎಂಜಿನೂ ಬರೆಸಿ. ಕೇಳಿದ್ರೆ ಬರೀತಾರೆ, ಆಮೇಲೆ ನಮ್ಗೂ ಬರೆದ್ರು.

ಮಗು ಹುಷಾರಾಗಿ ಮನೆಗ್ ಬಂತು. ಬಿಲ್ ಜಾಸ್ತಿ ಅನ್ನಿಸ್ಲಿಲ್ಲ, ಕ್ಯಾಂಟೀನ್ ಕಾಫಿ ಮಾತ್ರ ಬೇಡ, ಹೊರಗಡೆ ಕುಡೀರಿ.