ಕಂಪನಿಯ ಇಂಟರ್ನ್‌ಶಿಪ್, ಮುಕ್ತ ತಂತ್ರಾಂಶದ ಇಂಟರ್ನ್‌ಶಿಪ್: ಮನೆಯಿಂದಲೇ ಮಾಡಿ ನೋಡಿದ ಎರಡರ ಹೋಲಿಕೆ

ಮನೆಯಲ್ಲೇ ಕುಳಿತು ಮಾಡುವ ಸಾಫ್ಟ್‌ವೇರ್ ಇಂಟರ್ನ್‌ಶಿಪ್‌ಗಳಲ್ಲಿ ಎರಡು ಬಗೆಯನ್ನು ನಾನು ಸಾಗರ ತಾಲ್ಲೂಕಿನ ನಮ್ಮ ಮನೆಯಿಂದ ಮಾಡಿ ನೋಡಿದ್ದೇನೆ. ಮೊದಲನೆಯದು ಬಿ.ಇ. ಕೊನೆಯ ಸೆಮಿಸ್ಟರ್‌ನಲ್ಲಿ ಆರಂಭವಾಗಿ ಆಷಾಢದ ಮಳೆಯವರೆಗೂ ನಡೆದ, ಬೆಂಗಳೂರಿನ ಖಾಸಗಿ ಕಂಪನಿಯೊಂದರ ಇಂಟರ್ನ್‌ಶಿಪ್. ಎರಡನೆಯದು ಪದವಿ ಮುಗಿದ ಮೇಲೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಔಟ್‌ರೀಚಿ ಕಾರ್ಯಕ್ರಮದ ಮೂಲಕ ಒಂದು ಮುಕ್ತ ತಂತ್ರಾಂಶ (ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶ) ಯೋಜನೆಗೆ ಮಾಡಿದ ಕೆಲಸ. ಯಾವುದರಲ್ಲಿ ಹೆಚ್ಚು ಬೆಳೆದೆ ಎಂದು ಯಾರಾದರೂ ಕೇಳಿದರೆ ಎರಡನೆಯದರಲ್ಲಿ ಎನ್ನಲು ನಾನು ಯೋಚಿಸಬೇಕಾಗಿಲ್ಲ. ಅಲ್ಲಿ ಬರೆದ ಕೋಡ್, ಅದರ ಮೇಲೆ ಬಂದ ಆಕ್ಷೇಪ, ಅದಕ್ಕೆ ನಾನು ಕೊಟ್ಟ ಉತ್ತರ ಎಲ್ಲವೂ ಬರಹದಲ್ಲಿವೆ ಮತ್ತು ಇವತ್ತಿಗೂ ತೆರೆದು ಓದಲು ಸಿಗುತ್ತವೆ. ಕಂಪನಿಯಲ್ಲಿ ಕಡೆಯ ದಿನ ಸಂಜೆ ಖಾತೆ ಮುಚ್ಚಿದೊಡನೆ ನನ್ನ ಕೋಡನ್ನು ನಾನೇ ನೋಡಲಾರದಂತಾಯಿತು. ಕೈಯಲ್ಲಿ ಉಳಿದದ್ದು ಸಹಿ ಮತ್ತು ಮೊಹರು ಇರುವ ಒಂದು ಪ್ರಮಾಣಪತ್ರ.

ಔಟ್‌ರೀಚಿಯ ಹೆಸರು ಕೇಳದವರಿಗಾಗಿ ಸ್ವಲ್ಪ ವಿವರ. ತಂತ್ರಜ್ಞಾನ ಕ್ಷೇತ್ರದಲ್ಲಿ ತಮ್ಮ ದೇಶದೊಳಗೆ ಕಡಿಮೆ ಪ್ರಾತಿನಿಧ್ಯವಿರುವ ಅಥವಾ ತಾರತಮ್ಯ ಎದುರಿಸುವ ಜನರಿಗಾಗಿ ಇರುವ, ಸಂಭಾವನೆಯುಳ್ಳ ಇಂಟರ್ನ್‌ಶಿಪ್ ಇದು. ಲಿನಕ್ಸ್ ಕಂಪ್ಯೂಟರಿನ ಡೆಸ್ಕ್‌ಟಾಪ್ ರೂಪಿಸುವ ಗ್ನೋಮ್ ಯೋಜನೆಯವರು ಮಹಿಳೆಯರಿಗಾಗಿ ಆರಂಭಿಸಿದ್ದ ಪ್ರಯತ್ನ ಬೆಳೆದು ಈ ರೂಪ ಪಡೆದಿದ್ದು, ಈಗ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಲಾಭರಹಿತ ಸಂಸ್ಥೆಯ ಆಶ್ರಯದಲ್ಲಿದೆ. ವರ್ಷಕ್ಕೆ ಎರಡು ಸುತ್ತು, ಒಂದೊಂದು ಸುತ್ತಿಗೆ ಸುಮಾರು ಮೂರು ತಿಂಗಳು, ವಾರಕ್ಕೆ 30 ಗಂಟೆ, ಎಲ್ಲವೂ ದೂರದಿಂದಲೇ. ಮೊದಲು ಒಂದಿಷ್ಟು ಪ್ರಬಂಧರೂಪದ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಅದು ಒಪ್ಪಿಗೆಯಾದರೆ, ಆಯ್ದುಕೊಂಡ ಯೋಜನೆಗೆ ಸುಮಾರು ಒಂದು ತಿಂಗಳು ನಿಜವಾದ ಕೆಲಸ ಮಾಡಿ ತೋರಿಸಬೇಕು. ಆಯ್ಕೆ ನಡೆಯುವುದು ಆ ಕೆಲಸದ ಆಧಾರದ ಮೇಲೆ.

ಕಂಪನಿಯ ಇಂಟರ್ನ್‌ಶಿಪ್‌ನಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕೋಡ್ ಅಲ್ಲ, ಒಟಿಪಿ. ಇಂಟರ್ನ್‌ಗಳಿಗೆ ಅವರು ಲ್ಯಾಪ್‌ಟಾಪ್ ಕೊಡುತ್ತಿರಲಿಲ್ಲ. ನಮ್ಮದೇ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಅವರ ಸರ್ವರ್‌ನ ವರ್ಚುವಲ್ ಡೆಸ್ಕ್‌ಟಾಪ್ ತೆರೆದುಕೊಂಡು, ಕೋಡ್ ಬರೆಯುವುದರಿಂದ ಹಿಡಿದು ಅದು ಸರಿಯಿದೆಯೇ ಎಂದು ನೋಡುವ ಟೆಸ್ಟ್ ಓಡಿಸುವವರೆಗೆ ಎಲ್ಲವನ್ನೂ ಅದರೊಳಗೇ ಮಾಡಬೇಕಿತ್ತು. ಅದರೊಳಗೆ ಹೋಗಲು ಪಾಸ್‌ವರ್ಡ್ ಜೊತೆಗೆ ಎಸ್ಸೆಮ್ಮೆಸ್ಸಿನಲ್ಲಿ ಬರುವ ಒಟಿಪಿ ಬೇಕು. ಬೆಂಗಳೂರಿನಲ್ಲಿ ಕುಳಿತವರಿಗೆ ಇದೊಂದು ವಿಷಯವೇ ಅಲ್ಲ. ನಮ್ಮ ಮನೆಯಲ್ಲಿ ಫೈಬರ್ ಇಂಟರ್ನೆಟ್ ಚೆನ್ನಾಗಿಯೇ ಇದೆ, ಇಲ್ಲದಿರುವುದು ಮೊಬೈಲ್ ಸಿಗ್ನಲ್. ವೈಫೈ ಮೂಲಕ ಕರೆಗಳು ಬರುತ್ತವೆ. ಎಸ್ಸೆಮ್ಮೆಸ್ಸು ಮಾತ್ರ ಮನಸ್ಸಿದ್ದಾಗ ಬರುತ್ತದೆ, ಇಲ್ಲವೇ ಅವಧಿ ಮುಗಿದ ಮೂರು ಒಟಿಪಿಗಳು ಮಧ್ಯಾಹ್ನದ ಹೊತ್ತಿಗೆ ಒಟ್ಟಿಗೇ ಬಂದು ಬೀಳುತ್ತವೆ. ಹೀಗಾಗಿ ಬೆಳಿಗ್ಗೆ ಅಪ್ಪಯ್ಯ ನನ್ನ ಫೋನ್ ಹಿಡಿದುಕೊಂಡು ತೋಟದ ಮೇಲಿನ ಧರೆ ಹತ್ತಿ ನಿಂತು ಕೂಗಿ ಹೇಳಿದ ಅಂಕಿಗಳನ್ನು ನಾನು ಜಗಲಿಯಲ್ಲಿ ಕುಳಿತು ಟೈಪ್ ಮಾಡುವುದು ನಮ್ಮ ಮನೆಯ ಪದ್ಧತಿಯೇ ಆಗಿಬಿಟ್ಟಿತ್ತು. ಕಂಪನಿಯ ಭದ್ರತಾ ನಿಯಮಗಳಲ್ಲಿ ಹೀಗೆ ಕೂಗಿ ಹೇಳುವುದಕ್ಕೆ ಅವಕಾಶವಿತ್ತೇ ಎಂದು ನಾನು ವಿಚಾರಿಸಲಿಲ್ಲ.

ಒಮ್ಮೆ ಒಳಹೊಕ್ಕರೆ ಮುಗಿಯಿತು ಎನ್ನುವಂತಿರಲಿಲ್ಲ. ಹದಿನೈದು ನಿಮಿಷ ಕೀಲಿಮಣೆ ಮುಟ್ಟದಿದ್ದರೆ ಹೊರಗೆ. ಕರೆಂಟ್ ಹೋಗಿ ರೌಟರ್ ಆರಿದರೆ ಹೊರಗೆ. ಮತ್ತೆ ಒಟಿಪಿ, ಮತ್ತೆ ಧರೆ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ರೌಟರ್‌ಗೆಂದೇ ಸಿಗುವ 12 ವೋಲ್ಟ್‌ನ ಸಣ್ಣ ಯುಪಿಎಸ್ ಒಂದನ್ನು ತರಿಸಿಕೊಂಡೆ. ಅದು ಕರೆಂಟಿನ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿತು, ಆದರೆ ಹದಿನೈದು ನಿಮಿಷದ ನಿಯಮಕ್ಕೆ ಮದ್ದಿರಲಿಲ್ಲ.

ಇದಕ್ಕೆ ಸರಳ ಪರಿಹಾರ ಇಲ್ಲದಿರಲಿಲ್ಲ ಎಂಬುದೇ ಹೆಚ್ಚು ಕಿರಿಕಿರಿಯ ಸಂಗತಿ. ಅಥೆಂಟಿಕೇಟರ್ ಆ್ಯಪ್‌ಗಳು ಬಳಸುವ ಟಿಒಟಿಪಿ ಎಂಬ ವಿಧಾನ 2011ರಲ್ಲೇ ಆರ್‌ಎಫ್‌ಸಿ 6238 ಎಂಬ ದಾಖಲೆಯಾಗಿ ಪ್ರಕಟವಾಗಿದೆ. ಒಮ್ಮೆ ಹಂಚಿಕೊಂಡ ಗುಟ್ಟಿನ ಕೀಲಿ ಮತ್ತು ಗಡಿಯಾರದ ಸಮಯ, ಇವೆರಡರಿಂದ ಫೋನೇ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಅಂಕಿಯನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಸಿಗ್ನಲ್ಲೂ ಬೇಡ, ಇಂಟರ್ನೆಟ್ಟೂ ಬೇಡ. ಎಸ್ಸೆಮ್ಮೆಸ್ಸಿಗಿಂತ ಇದು ಸುರಕ್ಷಿತವೂ ಹೌದು. ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಅಮೆರಿಕದ ನಿಸ್ಟ್ ಸಂಸ್ಥೆ 2017ರ ತನ್ನ ಮಾರ್ಗಸೂಚಿಯಲ್ಲಿಯೇ ಫೋನ್ ಜಾಲದ ಮೂಲಕ ಕಳುಹಿಸುವ ಒಟಿಪಿಯನ್ನು ನಿರ್ಬಂಧಿತ ವಿಧಾನಗಳ ಸಾಲಿಗೆ ಸೇರಿಸಿತ್ತು. ಇದನ್ನೆಲ್ಲ ವಿವರಿಸಿ ಐಟಿ ವಿಭಾಗಕ್ಕೆ ವಿನಯದಿಂದಲೇ ಬರೆದೆ. ಇಂಟರ್ನ್‌ಗಳಿಗೆ ಎಸ್ಸೆಮ್ಮೆಸ್ ಮಾತ್ರ ಎಂಬ ಒಂದು ಸಾಲಿನ ಉತ್ತರ ಬಂತು.

ಒಟಿಪಿಯ ಬಗ್ಗೆ ಇಷ್ಟು ಬರೆಯಲು ಕಾರಣವಿದೆ. ಒಳಗೆ ಹೋಗುವುದೇ ಇಷ್ಟು ದುಬಾರಿಯಾದಾಗ ಒಳಗಿದ್ದಷ್ಟು ಹೊತ್ತು ಕೊಟ್ಟ ಟಿಕೆಟ್ (ಹಂಚಿಕೊಟ್ಟ ಕೆಲಸ) ಮುಗಿಸುವುದರ ಹೊರತು ಬೇರೇನೂ ಮಾಡಲು ಮನಸ್ಸಾಗುವುದಿಲ್ಲ. ಬೇರೆಯವರು ಬರೆದಿಟ್ಟ ಕೋಡಿನ ಒಂದು ಲೈಬ್ರರಿಯ ಒಳಗೆ ಏನಿದೆ ಎಂದು ಸುಮ್ಮನೆ ಓದುವುದು, ಇನ್ನೊಂದು ರೀತಿಯಲ್ಲಿ ಬರೆದು ನೋಡಿ ಅಳಿಸುವುದು, ಕಾಗದದ ಮೇಲೆ ಗೀಚಿಕೊಳ್ಳುತ್ತಾ ಅರ್ಧ ಗಂಟೆ ಯೋಚಿಸುವುದು, ಕಲಿಕೆ ನಡೆಯುವುದು ಇಂಥ ಹೊತ್ತಿನಲ್ಲಿ. ಆ ವ್ಯವಸ್ಥೆ ಅಂಥ ಹೊತ್ತನ್ನೇ ದಂಡನೆಗೆ ಗುರಿಪಡಿಸುತ್ತಿತ್ತು. ಸಾಲದ್ದಕ್ಕೆ ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ ಕಾಪಿ-ಪೇಸ್ಟ್ ಕೂಡ ಮುಚ್ಚಿತ್ತು. ಗ್ರಾಹಕರ ಮಾಹಿತಿ ಕಾಪಾಡಲು ಅದು ಬೇಕೆಂಬುದನ್ನು ಒಪ್ಪುತ್ತೇನೆ, ಆದರೆ ದೋಷದ ಸಂದೇಶವನ್ನು ಕೈಯಾರೆ ನೋಡಿ ಬರೆದು ಹುಡುಕುವವರ ಪಾಡನ್ನೂ ಹೇಳಲೇಬೇಕು.

ಮುಕ್ತ ತಂತ್ರಾಂಶದ ಯೋಜನೆಯಲ್ಲಿ ಇದರ ಸುಳಿವೂ ಇರಲಿಲ್ಲ. ಕೋಡ್ ನನ್ನದೇ ಲ್ಯಾಪ್‌ಟಾಪ್‌ನಲ್ಲಿತ್ತು. 2005ರಲ್ಲಿ ಕೋಡಿನ ಬದಲಾವಣೆಗಳ ದಾಖಲೆ ಇಡಲೆಂದು ಲೈನಸ್ ಟೋರ್ವಾಲ್ಡ್ಸ್ ರೂಪಿಸಿದ ಗಿಟ್‌ನ ವಿನ್ಯಾಸವೇ ಹಾಗಿದೆ: ಒಮ್ಮೆ ಕ್ಲೋನ್ (ನಕಲು) ಮಾಡಿಕೊಂಡರೆ ಯೋಜನೆಯ ಪೂರ್ತಿ ಇತಿಹಾಸ ನಮ್ಮ ಡಿಸ್ಕ್‌ಗೆ ಬರುತ್ತದೆ. ಕರೆಂಟೂ ನೆಟ್ಟೂ ಇಲ್ಲದ ಹೊತ್ತಿನಲ್ಲಿ ಬ್ಯಾಟರಿ ಇರುವವರೆಗೆ ಕಮಿಟ್ ಮಾಡಬಹುದು (ಬದಲಾವಣೆಯನ್ನು ದಾಖಲಿಸಬಹುದು), ಹೊಸ ಬ್ರಾಂಚ್ (ಕೋಡಿನ ಪ್ರತ್ಯೇಕ ಕವಲು) ತೆಗೆಯಬಹುದು, ಈ ಸಾಲನ್ನು ಯಾರು ಯಾವಾಗ ಏಕೆ ಬದಲಿಸಿದರು ಎಂದು ಹಳೆಯ ಕಮಿಟ್‌ಗಳನ್ನು ಕೆದಕಬಹುದು. ನೆಟ್ ಬಂದಾಗ ಪುಶ್ ಮಾಡಿ ಸರ್ವರ್‌ಗೆ ಕಳಿಸಿದರಾಯಿತು.

ಇನ್ನು ಕೋಡ್ ರಿವ್ಯೂ, ಅಂದರೆ ಬರೆದ ಕೋಡನ್ನು ಇನ್ನೊಬ್ಬರು ಪರಿಶೀಲಿಸುವುದು. ಕಂಪನಿಯಲ್ಲಿ ನನ್ನ ಹಿರಿಯ ಸಹೋದ್ಯೋಗಿ ಒಳ್ಳೆಯವರು, ಕೇಳಿದ ಹತ್ತು ನಿಮಿಷಕ್ಕೆ ಕಾಲ್ ಮಾಡುತ್ತಿದ್ದರು. ಸ್ಕ್ರೀನ್ ಶೇರ್ ಮಾಡಿಸಿ, ನಿಯಂತ್ರಣ ತೆಗೆದುಕೊಂಡು, ತಾವೇ ಟಕಟಕ ಸರಿಮಾಡಿ, "ಆಯ್ತು ನೋಡಮ್ಮ, ಈಗ ಓಡ್ಸು" ಎನ್ನುತ್ತಿದ್ದರು. "ಥ್ಯಾಂಕ್ಯೂ ಸರ್" ಎಂದು ನಾನು ಓಡಿಸುತ್ತಿದ್ದೆ. ಟಿಕೆಟ್ ಆ ದಿನವೇ ಮುಗಿಯುತ್ತಿತ್ತು. ಏಕೆ ಹಾಗೆ ಸರಿಮಾಡಿದರು ಎಂಬುದು ಅವರ ತಲೆಯಲ್ಲೇ ಉಳಿಯುತ್ತಿತ್ತು.

ಔಟ್‌ರೀಚಿಯಲ್ಲಿ ನನ್ನ ಮಾರ್ಗದರ್ಶಿ ಯುರೋಪಿನವರು, ಬರೆದು ಹೇಳುವವರು. ನನ್ನ ಕೋಡಿನ ಒಂದು ಸಾಲನ್ನೂ ಅವರು ತಾವಾಗಿ ತಿದ್ದಲಿಲ್ಲ, ಕೇಳುತ್ತಿದ್ದುದು ಪ್ರಶ್ನೆಗಳನ್ನು. ಉದ್ದದ ಶೀರ್ಷಿಕೆಗಳನ್ನು ನಿಗದಿತ ಉದ್ದಕ್ಕೆ ಕತ್ತರಿಸಿ ತೋರಿಸುವ ಒಂದು ಸಣ್ಣ ಫಂಕ್ಷನ್ ಬರೆದಿದ್ದೆ. ಇಂಗ್ಲಿಷ್ ಶೀರ್ಷಿಕೆಗಳ ಮೇಲೆ ಟೆಸ್ಟ್ ಎಲ್ಲ ಹಸಿರಾಗಿತ್ತು, ಅಂದರೆ ಪಾಸಾಗಿತ್ತು. "ನಿಮ್ಮ ಭಾಷೆಯ ಶೀರ್ಷಿಕೆ ಕೊಟ್ಟರೆ ಏನಾಗುತ್ತದೆ?" ಎಂದು ಅವರು ಕೇಳಿದರು. ‘ಕನ್ನಡ’ ಎಂಬುದು ನಮಗೆ ಮೂರು ಅಕ್ಷರ. ಎಲ್ಲ ಭಾಷೆಗಳ ಲಿಪಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನ ಲೆಕ್ಕದಲ್ಲಿ ಅದು 5 ಸಂಕೇತಬಿಂದು (ಹಾಗೆ ಸಂಖ್ಯೆ ಪಡೆದ ಚಿಹ್ನೆ), ಅವನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ 15 ಬೈಟ್. ಸಂಕೇತಬಿಂದುಗಳನ್ನು ಎಣಿಸಿ ಕತ್ತರಿಸಿದರೆ ಒತ್ತಕ್ಷರದ ನಡುವೆಯೇ ಕತ್ತರಿ ಬೀಳಬಹುದು. ಅಲ್ಲಿಂದ ಮುಂದೆ ಒಂದಷ್ಟು ದಿನ ಯೂನಿಕೋಡ್‌ನ ಪಠ್ಯ ವಿಭಜನೆಯ ನಿಯಮಗಳನ್ನು ಓದಿದೆ, ಕನ್ನಡದ ಮತ್ತು ಅರಬ್ಬಿಯ ಟೆಸ್ಟ್‌ಗಳನ್ನು ಸೇರಿಸಿದೆ. ಆ ಸಂಭಾಷಣೆಯ ಪ್ರತಿ ಸಾಲೂ, ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂದು ಕೋರುವ ಪುಲ್ ರಿಕ್ವೆಸ್ಟ್‌ನ ಕೆಳಗೆ ಇನ್ನೂ ಇದೆ. ಮುಂದೆ ಇದೇ ಸಮಸ್ಯೆ ಬಂದವರಿಗೆ ಅದರ ಕೊಂಡಿ ಕಳಿಸಿದರೆ ಸಾಕು.

ಬೆಳವಣಿಗೆಯನ್ನು ಅಳೆಯುವ ವಿಷಯದಲ್ಲಿ ಎರಡರ ವ್ಯತ್ಯಾಸ ಎದ್ದು ಕಾಣುವುದು ಇಲ್ಲೇ. ಕಾಲೇಜಿಗೆ ಒಪ್ಪಿಸಲು ಕಂಪನಿಯ ಇಂಟರ್ನ್‌ಶಿಪ್‌ನ ಡೈರಿ ಬರೆಯಬೇಕಿತ್ತು. "ಈ ವಾರ ಸ್ಪ್ರಿಂಗ್ ಬೂಟ್ ಕಲಿತೆನು" ಎಂಬಂಥ ಸಾಲುಗಳಿಗೆ ಗೈಡ್ ಸಹಿ ಹಾಕುತ್ತಿದ್ದರು, ಬರೆದವರೂ ಸಹಿ ಮಾಡಿದವರೂ ಅದನ್ನು ಮತ್ತೆ ಓದುವ ಪ್ರಶ್ನೆ ಇರಲಿಲ್ಲ. ಔಟ್‌ರೀಚಿಯಲ್ಲೂ ಎರಡು ವಾರಕ್ಕೊಮ್ಮೆ ಬರೆಯುವುದು ಕಡ್ಡಾಯ, ಆದರೆ ಅಲ್ಲಿ ಕೇಳುವುದು ಬೇರೆಯದೇ ಪ್ರಶ್ನೆಗಳು: ಎಲ್ಲಿ ಸಿಕ್ಕಿಕೊಂಡಿರಿ, ಮೊದಲು ಹಾಕಿಕೊಂಡ ಯೋಜನೆಯಲ್ಲಿ ಏನೇನು ಬದಲಾಯಿತು, ಹೊಸಬರಿಗೆ ನಿಮ್ಮ ಯೋಜನೆಯನ್ನು ಹೇಗೆ ವಿವರಿಸುತ್ತೀರಿ. ಕೊನೆಯ ಬರಹಕ್ಕೆ ಕುಳಿತಾಗ ನನ್ನ ರಿವ್ಯೂಗಳನ್ನೆಲ್ಲ ಮೊದಲಿನಿಂದ ಓದಿದೆ. ಆರಂಭದ ಟಿಪ್ಪಣಿಗಳು ಹೆಚ್ಚಾಗಿ ಹೆಸರಿಡುವಿಕೆ, ಜಾಗ ಬಿಡುವಿಕೆ, ಕಮಿಟ್ ಸಂದೇಶದ ಮೊದಲ ಸಾಲು ಸುಮಾರು 50 ಅಕ್ಷರದೊಳಗಿರಲಿ ಎಂಬಂಥವು. ನಡುವಿನವು ಟೆಸ್ಟ್‌ಗಳ ಬಗ್ಗೆ. ಕೊನೆಯವು ಇದನ್ನು ಇಲ್ಲಿ ಏಕೆ ಮಾಡಬೇಕು, ಬೇರೆ ಪದರದಲ್ಲಿ ಏಕೆ ಮಾಡಬಾರದು ಎಂಬ ಚರ್ಚೆಗಳು; ಅವುಗಳಲ್ಲಿ ಕೆಲವು ಕಡೆ ನನ್ನ ವಾದವೇ ಗೆದ್ದಿದೆ. ಇದನ್ನು ನನ್ನ ನೆನಪು ಹೇಳುತ್ತಿಲ್ಲ, ದಿನಾಂಕ ಸಮೇತ ದಾಖಲೆ ಹೇಳುತ್ತದೆ.

ಬಹಿರಂಗವಾಗಿ ಪ್ರಶ್ನೆ ಕೇಳುವ ಸಂಕೋಚ ಹೋಗಿದ್ದು ಕೂಡ ಎರಡನೆಯದರ ಲಾಭವೇ. ಕಂಪನಿಯ ಚಾಟ್‌ನಲ್ಲಿ "ಹಾಯ್ ಸರ್" ಎಂದು ಖಾಸಗಿಯಾಗಿ ಬರೆದು, ಅವರು "ಹೇಳಿ" ಎನ್ನುವವರೆಗೆ ಕಾದು, ಆಮೇಲೆ ವಿಷಯಕ್ಕೆ ಬರುವುದು ಎಲ್ಲರ ರೂಢಿ. ಇಲ್ಲಿ ಎಲ್ಲರೂ ನೋಡುವ ಚಾನೆಲ್‌ನಲ್ಲಿ ಏನು ಮಾಡಲು ಹೊರಟೆ, ಏನು ಮಾಡಿ ನೋಡಿದೆ, ಏನು ಬಂತು ಎಂಬುದನ್ನು ಒಂದೇ ಸಂದೇಶದಲ್ಲಿ ಬರೆಯಬೇಕು. ಹಾಗೆ ಬರೆಯಲು ಕುಳಿತರೆ ಅರ್ಧದಷ್ಟು ಪ್ರಶ್ನೆಗಳಿಗೆ ಉತ್ತರ ಬರೆಯುವಾಗಲೇ ಹೊಳೆಯುತ್ತದೆ.

ಎರಡನೆಯದರಲ್ಲಿ ತೊಡಕಿಲ್ಲವೆಂದಲ್ಲ. ಚಳಿಗಾಲದಲ್ಲಿ ಮಧ್ಯ ಯುರೋಪ್ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಅವರ ಬೆಳಗಿನ 9 ಗಂಟೆ ನಮ್ಮ ಮಧ್ಯಾಹ್ನದ ಒಂದೂವರೆ. ಕ್ರಿಸ್‌ಮಸ್ ರಜೆಯಲ್ಲಿ ರಿವ್ಯೂ ಇಲ್ಲವೇ ಇಲ್ಲ. ಪ್ಯಾಚ್ (ಕಳಿಸಿದ ಬದಲಾವಣೆ) ಕಾಯುತ್ತಾ ಕುಳಿತಿರುವಾಗ ಮುಖ್ಯ ಬ್ರಾಂಚ್ ಮುಂದೆ ಹೋಗಿ, ರೀಬೇಸ್ ಮಾಡುವಾಗ (ನಮ್ಮ ಬದಲಾವಣೆಯನ್ನು ಅದರ ಮೇಲೆ ಮತ್ತೆ ಕೂರಿಸುವಾಗ) ಸಂಘರ್ಷ ಬರುವುದು ಮಾಮೂಲು. ಪ್ಯಾಚ್‌ಗಳನ್ನು ಚಿಕ್ಕದಾಗಿ ಒಡೆಯುವುದು ಮತ್ತು ಒಂದು ಕಾಯುತ್ತಿರುವಾಗ ಇನ್ನೊಂದನ್ನು ಕೈಗೆತ್ತಿಕೊಳ್ಳುವುದು ಇದಕ್ಕೆ ಉಪಾಯ. ತಕ್ಷಣ ಉತ್ತರ ಬೇಕೆನ್ನುವ ಸ್ವಭಾವದವರಿಗೆ ಇದು ಹಿಡಿಸಲಾರದು. ನಾನು ನಿಧಾನವಾಗಿ ಓದಿ, ಬರೆದು ಯೋಚಿಸುವವಳಾದ್ದರಿಂದ ನನಗೆ ಒಗ್ಗಿತು.

ದುಡ್ಡಿನ ವಿಷಯ. ಕಂಪನಿ ತಿಂಗಳಿಗೆ 15,000 ರೂಪಾಯಿ ಕೊಟ್ಟಿತು. ಔಟ್‌ರೀಚಿಯ ಸಂಭಾವನೆ ಒಟ್ಟು 7,000 ಡಾಲರ್. ಡಾಲರಿಗೆ 80 ರೂಪಾಯಿ ಎಂದು ಕಡಿಮೆಯೇ ಹಿಡಿದರೂ 5,60,000 ರೂಪಾಯಿ. ಊರಲ್ಲೇ ಇದ್ದುದರಿಂದ ಎರಡರಲ್ಲೂ ಪಿಜಿ ಬಾಡಿಗೆ ಉಳಿಯಿತು. ವಿದೇಶದಿಂದ ಹಣ ಬಂದಾಗ ಬ್ಯಾಂಕಿನವರು ಅದು ಏತಕ್ಕೆ ಬಂತೆಂದು ಹೇಳುವ ಉದ್ದೇಶದ ಸಂಕೇತ ಕೇಳುತ್ತಾರೆ, ಆಯ್ಕೆಯ ಪತ್ರವನ್ನು ಜೊತೆಗಿಟ್ಟುಕೊಂಡು ಹೋಗುವುದು ಒಳ್ಳೆಯದು. ಇಂಟರ್ನ್‌ಗಳು ಅಲ್ಲಿ ನೌಕರರಲ್ಲವಾದ್ದರಿಂದ ಆದಾಯವನ್ನು ನಾವೇ ಘೋಷಿಸಿ ತೆರಿಗೆಯ ಲೆಕ್ಕ ನೋಡಿಕೊಳ್ಳಬೇಕು. ವಿದ್ಯಾರ್ಥಿಗಳಿಂದಲೇ ಹಣ ಪಡೆದು ಪ್ರಮಾಣಪತ್ರ ಕೊಡುವ ‘ಇಂಟರ್ನ್‌ಶಿಪ್’ಗಳನ್ನು ಈ ಹೋಲಿಕೆಗೆ ಸೇರಿಸಿಕೊಂಡೇ ಇಲ್ಲ.

ಮುಕ್ತ ತಂತ್ರಾಂಶಕ್ಕೆ ಕೋಡ್ ಬರೆಯುವ ಹೊಸಬರಿಗೆ ಗೂಗಲ್ ಸಂಭಾವನೆ ಕೊಡುವ ಕಾರ್ಯಕ್ರಮವಾದ ಗೂಗಲ್ ಸಮ್ಮರ್ ಆಫ್ ಕೋಡ್ ಹೇಗೆ ಎಂದು ಹಲವರು ಕೇಳುತ್ತಾರೆ. ನಾನು ಮಾಡಿಲ್ಲ. 2005ರಿಂದ ನಡೆಯುತ್ತಿರುವ ಅದು 2022ರಿಂದ ವಿದ್ಯಾರ್ಥಿಗಳಲ್ಲದ ಹೊಸಬರಿಗೂ ತೆರೆದಿದೆ. ಅದರ ಸಂಭಾವನೆ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಔಟ್‌ರೀಚಿಯಲ್ಲಿ ಎಲ್ಲ ದೇಶದವರಿಗೂ ಒಂದೇ ಮೊತ್ತ.

ಕಂಪನಿಯ ಇಂಟರ್ನ್‌ಶಿಪ್‌ನ ಪರವಾಗಿ ಹೇಳಬೇಕಾದ್ದನ್ನು ಹೇಳದಿದ್ದರೆ ತಪ್ಪಾದೀತು. ಗ್ರಾಹಕರಿಗೆ ಕೊಟ್ಟ ಗಡುವಿನೊಳಗೆ ಒಂದು ತಂಡ ಹೇಗೆ ಕೆಲಸ ಮುಗಿಸುತ್ತದೆ ಎಂಬುದನ್ನು ನಾನು ನೋಡಿದ್ದು ಅಲ್ಲೇ. ಕಾಲೇಜು ಕೇಳುವ ಪತ್ರಗಳು ತಕರಾರಿಲ್ಲದೆ ಸಿಗುತ್ತವೆ, ಇಂಟರ್ನ್‌ಶಿಪ್‌ನ ಕ್ರೆಡಿಟ್ ಮುಗಿಯುತ್ತದೆ, ಕೆಲವರಿಗೆ ಅಲ್ಲೇ ಕೆಲಸವೂ ಆಗುತ್ತದೆ. ಔಟ್‌ರೀಚಿಯಲ್ಲಾದರೋ ಒಂದು ತಿಂಗಳು ಸಂಬಳವಿಲ್ಲದೆ ಕೆಲಸ ಮಾಡಿಯೂ ಆಯ್ಕೆಯಾಗದಿರುವ ಸಾಧ್ಯತೆ ಇದ್ದೇ ಇದೆ. ನಮ್ಮ ದೇಶದ ಕಾಲೇಜು ವಿದ್ಯಾರ್ಥಿಗಳಿಗೆ ಮೇ-ಆಗಸ್ಟ್ ಸುತ್ತು ಮಾತ್ರ ತೆರೆದಿರುತ್ತದೆ, ಅದು ಸೆಮಿಸ್ಟರ್ ಪರೀಕ್ಷೆಗಳಿಗೆ ಡಿಕ್ಕಿ ಹೊಡೆಯಬಹುದು.

ಚಿಕ್ಕಮ್ಮನ ಮಗಳು ಈಗ ಆರನೇ ಸೆಮಿಸ್ಟರ್‌ನಲ್ಲಿದ್ದಾಳೆ. ಅವಳಿಗೆ ನಾನು ಹೇಳಿರುವುದು ಇಷ್ಟು: ಕ್ರೆಡಿಟ್‌ಗಾಗಿ ಯಾವುದಾದರೂ ಕಂಪನಿ ಸೇರಿಕೋ, ಆದರೆ ಸಂದರ್ಶನದಲ್ಲೇ ಲ್ಯಾಪ್‌ಟಾಪ್ ಕೊಡುತ್ತಾರೆಯೇ, ಲಾಗಿನ್‌ಗೆ ಅಥೆಂಟಿಕೇಟರ್ ಆ್ಯಪ್ ನಡೆಯುತ್ತದೆಯೇ, ರಿವ್ಯೂ ಬರಹದಲ್ಲಿ ಕೊಡುತ್ತಾರೆಯೇ ಎಂದು ಕೇಳು. ಪದವಿ ಮುಗಿದ ವರ್ಷ ಕೆಲಸಕ್ಕೆ ಆತುರಪಡದೆ, ಆಗಸ್ಟ್ ಹೊತ್ತಿಗೆ ತೆರೆಯುವ ಡಿಸೆಂಬರ್ ಸುತ್ತಿಗೆ ಔಟ್‌ರೀಚಿಯ ಅರ್ಜಿ ಹಾಕು. ಪ್ರಬಂಧದ ಉತ್ತರಗಳನ್ನು ಜುಲೈನಲ್ಲೇ ಬರೆದಿಟ್ಟುಕೋ, ಏಕೆಂದರೆ ಅರ್ಜಿಯ ಕಿಟಕಿ ಬಹಳ ದಿನ ತೆರೆದಿರುವುದಿಲ್ಲ.