ಕೈಯಿಂದ ಮಾಡಿದ ಉಡುಗೊರೆಗೆ ಯಾವ ಪೊಟ್ಟಣ? ನಾಲ್ಕು ಬಗೆಗಳ ಹೋಲಿಕೆ

ಕೈಯಿಂದ ಮಾಡಿದ ವಸ್ತು ಡಬ್ಬಿಯೊಳಗೆ ಸುಮ್ಮನೆ ಕೂರುವುದಿಲ್ಲ. ಸೋಪು ಕಟ್ಟಿಟ್ಟ ಮೇಲೂ ನೀರಿನಂಶ ಬಿಡುತ್ತಿರುತ್ತದೆ, ಬೆಳ್ಳಿಯ ಕಿವಿಯೋಲೆ ಗಂಧಕ ಸೋಕಿದಲ್ಲಿ ಕಪ್ಪಿಡುತ್ತದೆ, ಪಿಂಗಾಣಿ ಲೋಟದ ಹಿಡಿಕೆ ಸಣ್ಣ ಪೆಟ್ಟಿಗೂ ಮುರಿಯುತ್ತದೆ. ಪೊಟ್ಟಣದ ಅಂದಚೆಂದ ಆಮೇಲಿನ ಮಾತು. ಒಳಗಿನದಕ್ಕೆ ಅದು ಒಗ್ಗುತ್ತದೆಯೇ ಎಂಬುದು ಮೊದಲು. ಹಾಗಾಗಿ ಈ ಮೂರನ್ನೇ ನಾಲ್ಕು ಬಗೆಯ ಪೊಟ್ಟಣಗಳಲ್ಲಿ ಇಟ್ಟು, ತೆರೆದು, ಮುಚ್ಚಿ ನೋಡಿದ ಹೋಲಿಕೆ ಇದು. ಸೋಪು 8 × 5.5 × 2.5 ಸೆಂ.ಮೀ., ಸುಮಾರು 100 ಗ್ರಾಂ. ಓಲೆ 5 ಸೆಂ.ಮೀ. ಚೌಕದ ಕಾರ್ಡಿಗೆ ಚುಚ್ಚಿದ್ದು. ಲೋಟ ಹಿಡಿಕೆ ಸೇರಿ 12 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರ, ತೂಕ 300 ಗ್ರಾಂ. ಪೊಟ್ಟಣಗಳು: ಬೆಂಕಿಪೊಟ್ಟಣದಂತೆ ಜಾರುವ ಡಬ್ಬಿ, ದಿಂಬಿನಾಕಾರದ ಡಬ್ಬಿ, ಮುಚ್ಚಳವಿರುವ ಗಟ್ಟಿ ಡಬ್ಬಿ, ಮತ್ತು ಬಟ್ಟೆಯ ಗಂಟು.

ಡಬ್ಬಿಗಿಂತ ಮೊದಲು ಕಾಗದ

ಮೊದಲ ಮೂರರ ಗೆಲುವು ಸೋಲು ಕಾಗದದ ನಾರಿನ ದಿಕ್ಕಿನ ಮೇಲೆ ನಿಂತಿದೆ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ಕಡೆಗೆ ಮಲಗಿರುತ್ತವೆ. ಅದೇ ದಿಕ್ಕಿನಲ್ಲಿ ಮಡಿಸಿದರೆ ಅಂಚು ನೇರವಾಗಿ ಬರುತ್ತದೆ. ಅಡ್ಡಲಾಗಿ ಮಡಿಸಿದರೆ ಮೇಲ್ಪದರ ಬಿರಿದು ಒಳಗಿನ ಬಣ್ಣ ಇಣುಕುತ್ತದೆ. ದಿಕ್ಕು ಪತ್ತೆಹಚ್ಚಲು ಹಾಳೆಯನ್ನು ಮಡಿಸದೆ ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಬಾಗಿನ ಉದ್ದಕ್ಕೇ ನಾರು ಇದೆ ಎಂದರ್ಥ. ಅನುಮಾನ ಉಳಿದರೆ ಒಂದು ಚೂರಿನ ಒಂದು ಮೈಗೆ ಮಾತ್ರ ನೀರು ಸವರಿ. ಅದು ಕೊಳವೆಯಂತೆ ಸುರುಳಿಯಾಗುತ್ತದೆ, ಕೊಳವೆಯ ಉದ್ದವೇ ನಾರಿನ ದಿಕ್ಕು.

ಎರಡನೆಯದು ಗೀರು, ಅಂದರೆ ಮಡಿಸುವ ಮೊದಲು ಕಾಗದ ಕತ್ತರಿಸದಂತೆ ಒತ್ತಿ ಎಳೆಯುವ ತಗ್ಗುಗೆರೆ. 250 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ದಾಟಿದ ಕಾಗದವನ್ನು ಗೀರು ಹಾಕದೆ ಮಡಿಸಲೇಬಾರದು. ಗೀರೆಳೆಯಲು, ಮಡಿಕೆ ಒತ್ತಲು ಬಳಸುವ ಮೊಂಡು ಅಂಚಿನ ಬೋನ್ ಫೋಲ್ಡರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಶಾಯಿ ಮುಗಿದ ಬಾಲ್‌ಪೆನ್ನೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಗೀರನ್ನು ಹೊರಮೈ ಮೇಲೆ ಎಳೆಯಬೇಕು. ಹಿಂದೆ ಏಳುವ ಉಬ್ಬು ಮಡಿಕೆಯ ಒಳಗೆ ಸೇರಬೇಕು. ಗೀರಿನ ತಗ್ಗನ್ನು ಒಳಗೆ ಹಾಕಿ ಮಡಿಸುವುದು ಸಹಜ ಎನಿಸುತ್ತದೆ, ಆದರೆ ಆಗ ಹೊರಪದರ ಎಳೆದುಕೊಂಡು ಬಿರಿಯುತ್ತದೆ. ಕಂದುಬಣ್ಣದ ಕ್ರಾಫ್ಟ್ ಕಾಗದದಲ್ಲಿ ಈ ಬಿರುಕು ಅಷ್ಟಾಗಿ ಕಾಣುವುದಿಲ್ಲ, ಏಕೆಂದರೆ ಅದರ ಹೊರಗೂ ಒಳಗೂ ಒಂದೇ ಬಣ್ಣ. ಹೊಸಬರು ಅದರಿಂದ ಶುರುಮಾಡುವುದು ಒಳ್ಳೆಯದು ಎನ್ನುವುದಕ್ಕೆ ಇದೇ ಕಾರಣ.

ಜಾರುವ ಡಬ್ಬಿ

ನಾಲ್ಕರಲ್ಲಿ ನಮ್ಮ ಮೊದಲ ಆಯ್ಕೆ ಇದೇ. ಒಂದೇ ಎ4 ಹಾಳೆಯಲ್ಲಿ ತಟ್ಟೆ, ಹೊರಕವಚ ಎರಡೂ ಹುಟ್ಟುತ್ತವೆ. ಹೊರಗಿನಿಂದ 90 × 60 × 30 ಮಿ.ಮೀ. ಇರುವ ತಟ್ಟೆಗೆ 150 × 120 ಮಿ.ಮೀ. ತುಂಡು ಬೇಕು, ನಾಲ್ಕೂ ಕಡೆ 30 ಮಿ.ಮೀ. ಒಳಕ್ಕೆ ಗೀರೆಳೆದು, ಮೂಲೆಗಳನ್ನು ಒಂದು ಕಡೆ ಕತ್ತರಿಸಿ ಅಂಟಿಸಿದರೆ ಮುಗಿಯಿತು. ಕವಚಕ್ಕೆ 198 × 90 ಮಿ.ಮೀ. ತುಂಡು. ಅದರಲ್ಲಿ 61.5, 31.5, 61.5, 31.5 ಮಿ.ಮೀ. ಹೀಗೆ ನಾಲ್ಕು ಪಟ್ಟಿ, ಕೊನೆಗೆ 12 ಮಿ.ಮೀ. ಅಂಟಿನ ಪಟ್ಟಿ. 300 ಜಿಎಸ್‌ಎಂ ಕಾಗದದ ದಪ್ಪ ಸುಮಾರು 0.4 ಮಿ.ಮೀ.; ಅದನ್ನು ಕಳೆದರೆ ತಟ್ಟೆಗೂ ಕವಚಕ್ಕೂ ನಡುವೆ ಒಟ್ಟು 1 ಮಿ.ಮೀ. ಸಡಿಲ ಉಳಿಯುತ್ತದೆ. ಈ 1 ಮಿ.ಮೀ. ಬಹಳ ಮುಖ್ಯ. ಅರ್ಧ ಮಿ.ಮೀ.ಗೆ ಇಳಿಸಿದರೆ ತೇವದ ದಿನಗಳಲ್ಲಿ ಕಾಗದ ಉಬ್ಬಿ ತಟ್ಟೆ ಸಿಕ್ಕಿಹಾಕಿಕೊಳ್ಳುತ್ತದೆ. 2 ಮಿ.ಮೀ.ಗೆ ಏರಿಸಿದರೆ ಡಬ್ಬಿ ಓರೆಮಾಡಿದ ತಕ್ಷಣ ತಟ್ಟೆ ತಾನೇ ಜಾರಿ ಬೀಳುತ್ತದೆ.

ಎರಡು ತುಂಡುಗಳನ್ನೂ ಹಾಳೆಯ ಮೇಲೆ ಇಡುವಾಗ ಕವಚದ 90 ಮಿ.ಮೀ. ಬದಿ, ತಟ್ಟೆಯ 150 ಮಿ.ಮೀ. ಬದಿ ಎರಡೂ ಹಾಳೆಯ 297 ಮಿ.ಮೀ. ಉದ್ದಕ್ಕೆ ಸಮಾನಾಂತರವಾಗಿರಲಿ. ನಾರು ಅದೇ ಉದ್ದಕ್ಕೆ ಇದ್ದರೆ ಕವಚದ ಎಲ್ಲ ಮಡಿಕೆಗಳೂ, ತಟ್ಟೆಯ ಉದ್ದದ ಮಡಿಕೆಗಳೂ ನಾರಿನ ಗುಂಟ ಬರುತ್ತವೆ. ಕವಚದ ಒಂದು ತುದಿಯಲ್ಲಿ 15 ಮಿ.ಮೀ. ವ್ಯಾಸದ ಅರ್ಧಚಂದ್ರ ಕತ್ತರಿಸಿ. ಅದಿಲ್ಲದಿದ್ದರೆ ಜನ ಎಲ್ಲಿಂದ ತಳ್ಳಬೇಕೆಂದು ತಿಳಿಯದೆ ಕವಚವನ್ನೇ ಹಿಂಡುತ್ತಾರೆ, ಉದ್ದದ ಮಡಿಕೆ ನುಗ್ಗಿಹೋಗುತ್ತದೆ.

ಕವಚವನ್ನು ಅಂಟಿಸುವಾಗ ಅಗಲವಾದ ಡಬಲ್ ಸೈಡ್ ಟೇಪ್ ಬೇಗ ಮುಗಿಸಿಕೊಡುತ್ತದೆ, ಆದರೆ ಒಮ್ಮೆ ತಾಗಿದರೆ ಸರಿಪಡಿಸಲಾಗದು. ಬಿಸಿಯಲ್ಲಿ ನಿಧಾನವಾಗಿ ಜಾರಿ ಬಿಡುವುದೂ ಉಂಟು. ಬಿಳಿ ಪಿವಿಎ ಅಂಟು ಹಚ್ಚಿ, ಒಳಗೆ ತಟ್ಟೆ ಇಟ್ಟುಕೊಂಡೇ ಅರ್ಧ ಗಂಟೆ ಒತ್ತಿಟ್ಟರೆ ಕೋನ ಚೌಕವಾಗಿ ನಿಲ್ಲುತ್ತದೆ. ಹಾಟ್ ಗ್ಲೂ ಇಲ್ಲಿ ಬೇಡ. ಅದರ ಗಂಟು ತಟ್ಟೆಯ ದಾರಿಗೆ ಅಡ್ಡ ನಿಲ್ಲುತ್ತದೆ.

ದಿಂಬಿನ ಡಬ್ಬಿ

ಎಲ್ಲಕ್ಕಿಂತ ಬೇಗ ಆಗುವುದು ಇದು, ಎಲ್ಲಕ್ಕಿಂತ ಬೇಗ ಸೋಲುವುದೂ ಇದೇ. ಎರಡು ಸಮಾನ ಫಲಕ, ಒಂದು 10 ಮಿ.ಮೀ. ಅಂಟಿನ ಪಟ್ಟಿ, ಎರಡೂ ತುದಿಗಳಲ್ಲಿ ಕಮಾನಿನ ಗೀರು, ಅಷ್ಟೇ. ಕಮಾನು ಕೈಯಿಂದ ಎಳೆದರೆ ಎರಡು ಬದಿ ಹೊಂದುವುದಿಲ್ಲ, ಡಬ್ಬಿ ತಿರುಚಿಕೊಳ್ಳುತ್ತದೆ. 80 ಮಿ.ಮೀ. ಅಗಲದ ಫಲಕಕ್ಕೆ 12 ಸೆಂ.ಮೀ. ವ್ಯಾಸದ ಸಾಸರ್ ಇಟ್ಟು ಅದರ ಅಂಚಿನ ಗುಂಟ ಗೀರಿದರೆ ಕಮಾನು ಸುಮಾರು 15 ಮಿ.ಮೀ. ಆಳ ಬರುತ್ತದೆ. ಅದೇ ಸಾಸರನ್ನು ತಿರುಗಿಸಿಟ್ಟು ಹೊರಅಂಚನ್ನು ಕತ್ತರಿಸಿ. ಆಳ ಕಡಿಮೆಯಾದರೆ ಡಬ್ಬಿ ಚಪ್ಪಟೆ, ಹೆಚ್ಚಾದರೆ ಬಾಯಿ ಮುಚ್ಚುವಾಗ ಅಂಚು ಸುಕ್ಕಾಗುತ್ತದೆ.

ಇದಕ್ಕೆ 200ರಿಂದ 250 ಜಿಎಸ್‌ಎಂ ಸರಿ. 180ಕ್ಕಿಂತ ತೆಳುವಾದರೆ ತುದಿಗಳಿಗೆ ಚಿಮ್ಮುವ ಬಿಗಿ ಇಲ್ಲ, ತಾನೇ ತೆರೆದುಕೊಳ್ಳುತ್ತದೆ. 300 ಆದರೆ ಬಾಗಿದ ಮಡಿಕೆ ಬಿರಿಯುತ್ತದೆ. ನಾರು ಡಬ್ಬಿಯ ಉದ್ದಕ್ಕೇ ಇರಬೇಕು, ಏಕೆಂದರೆ ಫಲಕ ಬಾಗುವುದೂ ಅದೇ ಅಕ್ಷದ ಸುತ್ತ. ಓಲೆಗೆ ಇದು ಮುದ್ದಾಗಿ ಒಪ್ಪುತ್ತದೆ. ಸೋಪು ಇಟ್ಟರೆ ಮೂಲೆಗಳು ಬಾಗಿದ ಮೈಗೆ ತಾಗಿ ಡಬ್ಬಿ ಒಂದು ಕಡೆ ಊದಿಕೊಳ್ಳುತ್ತದೆ, ನಾಲ್ಕೈದು ಸಲ ತೆರೆದು ಮುಚ್ಚಿದ ಮೇಲೆ ತುದಿ ಸಡಿಲವಾಗುತ್ತದೆ. ಲೋಟಕ್ಕಂತೂ ಯೋಚಿಸುವುದೇ ಬೇಡ. ಒಂದರ ಮೇಲೊಂದು ಪೇರಿಸಿಡಲೂ ಬಾರದು. ಆದರೆ ಅಂಟಿಸಿದ ಮೇಲೂ ಚಪ್ಪಟೆಯಾಗಿ ಮಡಿಸಿಡಬಹುದು ಎಂಬುದು ಇದರ ದೊಡ್ಡ ಗುಣ. ಐವತ್ತು ಡಬ್ಬಿ ಒಂದು ಕಡತದೊಳಗೆ ಹಿಡಿಯುತ್ತವೆ.

ಮುಚ್ಚಳದ ಗಟ್ಟಿ ಡಬ್ಬಿ

2 ಮಿ.ಮೀ. ಬೂದು ರಟ್ಟಿನ ಮೇಲೆ 120 ಜಿಎಸ್‌ಎಂ ಕಾಗದ ಹೊದಿಸಿ ಮಾಡುವುದು. ಇದರ ಕಷ್ಟವೆಲ್ಲ ಮುಚ್ಚಳದ ಅಳತೆಯಲ್ಲಿದೆ. ತಳದ ಒಳ ಅಳತೆ 100 ಮಿ.ಮೀ. ಆದರೆ ರಟ್ಟು ಸೇರಿ ಹೊರಗೆ 104. ಮುಚ್ಚಳದ ರಟ್ಟನ್ನು ಒಳಗಿನಿಂದ 105.5 ಮಿ.ಮೀ. ಇಟ್ಟರೆ 1.5 ಮಿ.ಮೀ. ಬಿಟ್ಟಂತಾಯಿತು. ಆದರೆ ತಳದ ಎರಡು ಹೊರಬದಿ, ಮುಚ್ಚಳದ ಎರಡು ಒಳಬದಿ ಸೇರಿ ನಾಲ್ಕು ಪದರ ಕಾಗದ ನಡುವೆ ಬರುತ್ತದೆ. ಪದರಕ್ಕೆ 0.15 ಮಿ.ಮೀ. ಹಿಡಿದರೂ 0.6 ಹೋಗಿ 0.9 ಮಿ.ಮೀ. ಮಾತ್ರ ಉಳಿಯುತ್ತದೆ. ರಟ್ಟಿನ ಲೆಕ್ಕವನ್ನಷ್ಟೇ ಹಾಕಿ 1 ಮಿ.ಮೀ. ಬಿಟ್ಟವರ ಮುಚ್ಚಳ ಕೂರದೇ ಇರುವುದು ಈ ನಾಲ್ಕು ಪದರಗಳಿಂದಲೇ.

ಮುಚ್ಚಳ ತಳದಷ್ಟೇ ಆಳವಿದ್ದರೆ ಒಳಗಿನ ಗಾಳಿ ಹೊರಬರಲು ದಾರಿಯಿಲ್ಲ. ನಿಧಾನವಾಗಿ ಇಳಿಯುವುದು ನೋಡಲು ಸೊಗಸು, ಎತ್ತುವಾಗ ಮಾತ್ರ ತಳವೂ ಜೊತೆಗೇ ಎದ್ದು, ಅರ್ಧದಲ್ಲಿ ಕಳಚಿ ಬೀಳುತ್ತದೆ. ಒಳಗೆ ಲೋಟವಿದ್ದರೆ ಮುಗಿಯಿತು. ಮುಚ್ಚಳವನ್ನು ಎತ್ತರದ ಮೂರನೇ ಒಂದಕ್ಕೆ ಇಳಿಸಿ, ಇಲ್ಲವೇ ಎರಡು ಬದಿಗಳಲ್ಲಿ ಬೆರಳಿನ ಕಚ್ಚು ಕೊಡಿ.

ರಟ್ಟು ಬಾಗುವುದು ಇನ್ನೊಂದು ತೊಂದರೆ. ಅಂಟಿನ ನೀರು ಕುಡಿದು ಹಿಗ್ಗಿದ ಕಾಗದ ಒಣಗುವಾಗ ಕುಗ್ಗಿ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಅಂಟನ್ನು ತೆಳುವಾಗಿ ಹಚ್ಚಿ, ಕಾಗದ ಮತ್ತು ರಟ್ಟಿನ ನಾರು ಒಂದೇ ದಿಕ್ಕಿಗಿರಲಿ, ಒಳಮೈಗೂ ಕಾಗದ ಅಂಟಿಸಿ. ಆಗ ಎಳೆತ ಎರಡೂ ಕಡೆ ಸಮವಾಗುತ್ತದೆ. ಒಂದು ರಾತ್ರಿ ಭಾರದಡಿ ಇಡಿ. ಇಷ್ಟು ಶ್ರಮಕ್ಕೆ ಪ್ರತಿಯಾಗಿ ಸಿಗುವುದು ವರ್ಷಗಟ್ಟಲೆ ಮನೆಯಲ್ಲಿ ಉಳಿಯುವ ಡಬ್ಬಿ. ಪಡೆದವರು ಇದನ್ನು ಎಸೆಯುವುದಿಲ್ಲ, ಗುಂಡಿಯೋ ದಾರವೋ ತುಂಬಿಡುತ್ತಾರೆ.

ಬಟ್ಟೆಯ ಗಂಟು

ಜಪಾನಿನ ಫುರೋಶಿಕಿ ಈ ಕಲೆಯ ಹೆಸರಾಂತ ರೂಪ. 'ಫುರೊ' ಎಂದರೆ ಸ್ನಾನ, 'ಶಿಕಿ' ಎಂದರೆ ಹಾಸುವುದು. 2006ರಲ್ಲಿ ಅಲ್ಲಿನ ಪರಿಸರ ಸಚಿವೆಯಾಗಿದ್ದ ಯುರಿಕೊ ಕೊಯಿಕೆ, ಪ್ಲಾಸ್ಟಿಕ್ ಚೀಲಗಳ ಬದಲಿಗೆ ಇದನ್ನು ಬಳಸುವಂತೆ ಪ್ರಚಾರ ಮಾಡಿದ್ದರು. ಲೆಕ್ಕ ಸರಳ: ಚೌಕ ಬಟ್ಟೆಯ ಕರ್ಣದ ಮೂರನೇ ಒಂದು ಭಾಗದಷ್ಟು ವಸ್ತು ಇದ್ದರೆ ಗಂಟಿಗೆ ಸಾಕಷ್ಟು ತುದಿ ಉಳಿಯುತ್ತದೆ. 50 ಸೆಂ.ಮೀ. ಬಟ್ಟೆಯ ಕರ್ಣ ಸುಮಾರು 71, ಹಿಡಿಯುವುದು 23 ಸೆಂ.ಮೀ.ವರೆಗಿನ ವಸ್ತು. 70 ಸೆಂ.ಮೀ. ಬಟ್ಟೆಗೆ 33.

100ರಿಂದ 150 ಜಿಎಸ್‌ಎಂ ಹತ್ತಿ ಹಿತವಾಗಿ ಕೂರುತ್ತದೆ. ನುಣುಪು ರೇಷ್ಮೆ ಜಾರುತ್ತದೆ, ದಪ್ಪ ಕ್ಯಾನ್ವಾಸಿನ ಗಂಟು ನೆಲ್ಲಿಕಾಯಿಯಷ್ಟಾಗುತ್ತದೆ. ಹೊಲಿಯುವ ಮೊದಲು ಬಟ್ಟೆ ಒಗೆದು ಕುಗ್ಗಿಸಿ, ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಿ. 5 ಮಿ.ಮೀ.ನ ಎರಡು ಮಡಿಕೆಯ ಅಂಚಿಗೆ 52 ಸೆಂ.ಮೀ. ಕತ್ತರಿಸಿದರೆ 50 ಸಿಗುತ್ತದೆ. ಗಂಟು ಹಾಕುವಾಗ ಮೊದಲು ಬಲತುದಿ ಎಡದ ಮೇಲೆ, ಆಮೇಲೆ ಎಡ ಬಲದ ಮೇಲೆ. ಎರಡೂ ಸಲ ಒಂದೇ ಕಡೆ ಹಾಕಿದರೆ ತುದಿಗಳು ಅಡ್ಡಕ್ಕೆ ನಿಲ್ಲದೆ ಮೇಲೆ ಕೆಳಗೆ ಚಾಚುತ್ತವೆ, ಗಂಟು ಜಾರುತ್ತದೆ. ಸರಿಯಾದ ಗಂಟನ್ನು ಬಿಚ್ಚಲು ಒಂದು ತುದಿಯನ್ನು ಅದರ ಬುಡದ ಕಡೆಗೇ ಜಗ್ಗಿ ನೇರ ಮಾಡಿದರೆ ಸಾಕು, ಇನ್ನೊಂದು ಅದರ ಮೇಲಿಂದ ಸಲೀಸಾಗಿ ಕಳಚುತ್ತದೆ.

ಯಾವುದಕ್ಕೆ ಯಾವುದು

ಸೋಪಿನಲ್ಲಿ ಎರಡು ಜಾತಿ, ಎರಡಕ್ಕೂ ತದ್ವಿರುದ್ಧ ಪೊಟ್ಟಣ. ಎಣ್ಣೆ ಮತ್ತು ಕ್ಷಾರದಿಂದ ತಣ್ಣಗೆ ಮಾಡಿದ ಸೋಪು ನಾಲ್ಕರಿಂದ ಆರು ವಾರ ಒಣಗಬೇಕು. ಆಮೇಲೂ ಅದಕ್ಕೆ ಗಾಳಿ ಬೇಕು, ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಬೆವರುತ್ತದೆ. ಅದಕ್ಕೆ ಜಾರುವ ಡಬ್ಬಿಯೇ ಸರಿ, ತಟ್ಟೆಯ ತಳದಲ್ಲಿ 6 ಮಿ.ಮೀ. ರಂಧ್ರ ಎರಡು ಮೂರು ಇರಲಿ. ವಾರಗಳು ತುಂಬುವ ಮೊದಲೇ ಕಾಗದದ ಪಟ್ಟಿ ಸುತ್ತಿದರೆ ಸೋಪು ಕುಗ್ಗಿ ಪಟ್ಟಿ ಸಡಿಲವಾಗಿ ಕಳಚುತ್ತದೆ. ಬಟ್ಟೆಯಲ್ಲಿ ಕಟ್ಟುವುದಾದರೆ ಎಣ್ಣೆಕಲೆ ತಾಗದಂತೆ ಮೊದಲು ಕಾಗದ ಸುತ್ತಿ. ಕರಗಿಸಿ ಎರಕ ಹೊಯ್ದ ಗ್ಲಿಸರಿನ್ ಸೋಪು ಹಾಗಲ್ಲ. ಅದು ಗಾಳಿಯ ತೇವವನ್ನು ಎಳೆದುಕೊಂಡು ಮೈಮೇಲೆ ಹನಿ ಕಟ್ಟುತ್ತದೆ. ಗಾಳಿಯಾಡದಂತೆ ಸುತ್ತಿಯೇ ಡಬ್ಬಿಗೆ ಇಳಿಸಬೇಕು.

ಬೆಳ್ಳಿ ಓಲೆಗೆ ದಿಂಬಿನ ಡಬ್ಬಿ ಇಲ್ಲವೇ ಸಣ್ಣ ಜಾರುವ ಡಬ್ಬಿ. ಇಲ್ಲಿ ತಪ್ಪು ನಡೆಯುವುದು ಹಾಸಿನಲ್ಲಿ. ಉಣ್ಣೆಯ ಫೆಲ್ಟ್ ಹಾಸು ಎಷ್ಟು ಚೆಂದ ಕಂಡರೂ ಉಣ್ಣೆಯಲ್ಲಿ ಗಂಧಕವಿದೆ. ರಬ್ಬರ್ ಬ್ಯಾಂಡಿನಲ್ಲೂ ಇದೆ. ಕ್ರಾಫ್ಟ್ ಕಾಗದ ತಯಾರಾಗುವುದೂ ಗಂಧಕದ ಸಂಯುಕ್ತಗಳ ಸಹಾಯದಿಂದಲೇ. ಹಾಗಾಗಿ ಬೆಳ್ಳಿ ನೇರವಾಗಿ ಇವುಗಳಿಗೆ ತಾಗದಂತೆ ಆಮ್ಲರಹಿತ ಟಿಶ್ಯೂ ಕಾಗದ ಸುತ್ತಿ, ಜಿಪ್ ಇರುವ ಸಣ್ಣ ಪಾಲಿಥಿನ್ ಚೀಲದಲ್ಲಿ ಹಾಕಿ ಡಬ್ಬಿಯಲ್ಲಿಡಿ. ಪಿವಿಸಿ ಚೀಲ ಬೇಡ.

ಲೋಟಕ್ಕೆ ಗಟ್ಟಿ ಡಬ್ಬಿ, ಸುತ್ತ 3 ಸೆಂ.ಮೀ. ಮೆತ್ತೆ. ಅಂದರೆ ಒಳ ಅಳತೆ 18 × 15 × 15 ಸೆಂ.ಮೀ. ಹಿಡಿಕೆಯ ಕಿಂಡಿಯೊಳಗೂ ಲೋಟದ ಒಳಗೂ ಕಾಗದ ಮುದ್ದೆ ತುರುಕಿ. ಸಣ್ಣಗೆ ಕತ್ತರಿಸಿದ ಎಳೆಕಾಗದ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಅಲುಗಾಡುತ್ತ ಕುಸಿದು ಲೋಟ ತಳಕ್ಕೆ ಇಳಿಯುತ್ತದೆ. ಮುದ್ದೆ ಮಾಡಿದ ದಪ್ಪ ಕಾಗದ ತಾನಿದ್ದಲ್ಲೇ ಇರುತ್ತದೆ. ಮುಚ್ಚಿದ ಮೇಲೆ ಕಿವಿಯ ಬಳಿ ಅಲ್ಲಾಡಿಸಿ. ಸದ್ದು ಬಂದರೆ ಮತ್ತೆ ತುಂಬಿ. ಅಂಚೆಗೆ ಹಾಕುವುದಾದರೆ ಈ ಡಬ್ಬಿಯೂ ಇನ್ನೊಂದು ಸುಕ್ಕುರಟ್ಟಿನ ಪೆಟ್ಟಿಗೆಯೊಳಗೆ ಹೋಗಬೇಕು. ಕೈಯಲ್ಲೇ ಕೊಡುವುದಾದರೆ ಮೇಲೊಂದು ಬಟ್ಟೆಗಂಟು ಹಾಕಿ. 15 ಸೆಂ.ಮೀ. ಎತ್ತರದ ಡಬ್ಬಿಯಾದ್ದರಿಂದ ಕರ್ಣದ ಮೂರನೇ ಒಂದರ ಲೆಕ್ಕ ಇಲ್ಲಿ ಸಾಲದು, 70 ಸೆಂ.ಮೀ. ಬಟ್ಟೆ ಬೇಕು, 50ರದು ಗಂಟಿಗೇ ಎಟುಕುವುದಿಲ್ಲ.

ಮೇಲಿನ ಕಾಗದ, ರಿಬ್ಬನ್

ಬಟ್ಟೆ ಬೇಡ, ಕಾಗದವೇ ಇರಲಿ ಎನ್ನುವವರಿಗೆ: ಚೌಕ ತಳದ ಡಬ್ಬಿಗೆ ಕಾಗದವನ್ನು ಓರೆಯಾಗಿ ಇಟ್ಟು ಸುತ್ತುವುದು ನೇರ ಸುತ್ತಿಗಿಂತ ಉಳಿತಾಯ. ತಳದ ಕರ್ಣಕ್ಕೆ ಎತ್ತರದ ಒಂದೂವರೆ ಪಟ್ಟು ಕೂಡಿಸಿದರೆ ಚೌಕ ಕಾಗದದ ಬದಿ ಸಿಗುತ್ತದೆ. 12 × 12 × 6 ಸೆಂ.ಮೀ. ಡಬ್ಬಿಗೆ ಕರ್ಣ 17, ಅದಕ್ಕೆ 9 ಸೇರಿ 26 ಸೆಂ.ಮೀ. ಚೌಕ, ಅಂದರೆ 676 ಚದರ ಸೆಂ.ಮೀ. ನೇರವಾಗಿ ಸುತ್ತಿದರೆ 38 × 21, ಅಂದರೆ 798. ಉದ್ದನೆಯ ಡಬ್ಬಿಗೆ ಮಾತ್ರ ಈ ಲಾಭ ಇಲ್ಲ, ಅಲ್ಲಿ ನೇರ ಸುತ್ತೇ ಮೇಲು.

ಅದೇ ಡಬ್ಬಿಗೆ ಅಡ್ಡಉದ್ದ ಕಟ್ಟುವ ರಿಬ್ಬನ್ ಉದ್ದಗಲಗಳ ಎರಡರಷ್ಟು, ಎತ್ತರದ ನಾಲ್ಕರಷ್ಟು ಸೇರಿ 72 ಸೆಂ.ಮೀ., ಹೂಗಂಟಿಗೆ ಇನ್ನು 50. ಹತ್ತಿ ದಾರವಾದರೆ ಗಂಟು ಬಿಗಿಯಾಗಿ ಕೂರುತ್ತದೆ. ಸ್ಯಾಟಿನ್ ಜಾರುವುದರಿಂದ ಮೊದಲ ಗಂಟಿಗೆ ಎರಡು ಸುತ್ತು ಕೊಡಿ. ಅದರ ತುದಿಯನ್ನು ಓರೆಯಾಗಿ ಕತ್ತರಿಸಿ. ಪಾಲಿಯೆಸ್ಟರ್ ಆಗಿದ್ದರೆ ಬೆಂಕಿಯ ಪಕ್ಕಕ್ಕೆ ಒಂದು ಕ್ಷಣ ಹಿಡಿದು ಎಳೆ ಬಿಡದಂತೆ ಮಾಡಬಹುದು. ಹತ್ತಿಗೆ ಈ ಉಪಾಯ ನಡೆಯದು, ಅದು ಸುಟ್ಟುಹೋಗುತ್ತದೆ. ತುದಿಗೆ ಒಂದು ಹನಿ ಪಿವಿಎ ಸವರಿ ಒಣಗಿಸಿ.